ಎಡಗಿವಿಯ ಸದ್ದು: ಪ್ರವಾಸ ಮುಗಿಸಿ ಬಂದ ಡ್ರಮ್ಮರ್ ಒಬ್ಬರ ಪ್ರಕರಣ

ಈ ಬರಹಕ್ಕೆ ಪ್ರಕರಣದ ನಾಲ್ವರೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಾರದೆಂದು ಊರು, ವಯಸ್ಸು, ಹಣದ ಮೊತ್ತಗಳಲ್ಲಿ ಕೆಲವನ್ನು ಬದಲಿಸಿದ್ದೇನೆ. ಹೆಸರಿನ ಬದಲು ಅವರವರ ವಾದ್ಯದಿಂದಲೇ ಅವರನ್ನು ಕರೆದಿದ್ದೇನೆ.

ಬೆಂಗಳೂರಿನ ನಾಲ್ವರ ರಾಕ್ ತಂಡವೊಂದರ ಡ್ರಮ್ಮರ್ 2024ರ ಫೆಬ್ರವರಿ ಮೊದಲ ವಾರದಲ್ಲಿ ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬಂದರು. ವಯಸ್ಸು ಮೂವತ್ತು, ಅವಿವಾಹಿತರು, ಇಂಜಿನಿಯರಿಂಗ್ ಓದಿದವರು. ವಾರದಲ್ಲಿ ನಾಲ್ಕು ದಿನ ಮಕ್ಕಳಿಗೆ ಡ್ರಮ್ಸ್ ಹೇಳಿಕೊಟ್ಟು, ಆ ಹಣದಲ್ಲಿ ಮನೆ ಬಾಡಿಗೆಯ ತಮ್ಮ ಪಾಲನ್ನು ಕಟ್ಟುತ್ತಿದ್ದರು. "ಬ್ಯಾಂಡ್ ಬಿಡಬೇಕೋ ಬೇಡವೋ ತೀರ್ಮಾನ ಮಾಡೋಕೆ ಆಗ್ತಿಲ್ಲ, ಏನಾದ್ರೂ ದಾರಿ ಹೇಳಿ" ಎಂದರು. ಮೂರು ವಾರಗಳಿಂದ ನಿದ್ದೆ ಕೆಟ್ಟಿತ್ತು, ಊಟ ಸೇರುತ್ತಿರಲಿಲ್ಲ, ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಸಾಯುವ ಯೋಚನೆ ಬಂದಿದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಿದೆ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವುದನ್ನು ಹೇಳಿಕೊಳ್ಳಲು ಒಂದು ಬಾಗಿಲು ತೆರೆಯುತ್ತದೆ. "ಸಾಯ್ಬೇಕು ಅಂತ ಅನ್ನಿಸಿಲ್ಲ. ಬೆಳಗ್ಗೆ ಎಚ್ಚರ ಆಗದೇ ಇದ್ರೆ ಚೆನ್ನಾಗಿರುತ್ತೆ ಅಂತ ಮಾತ್ರ ಅನ್ನಿಸುತ್ತೆ" ಎಂದರು. ಈ ಮಾತನ್ನು ಹಗುರವಾಗಿ ಬಿಡುವಂತಿರಲಿಲ್ಲ. ಮನೋವೈದ್ಯರೊಬ್ಬರನ್ನು ಅದೇ ವಾರ ಕಾಣುವಂತೆ ಏರ್ಪಾಡು ಮಾಡಿ, ಅಪರಾತ್ರಿಯಲ್ಲಿ ಯಾರಿಗೆ ಮೊದಲು ಫೋನ್ ಮಾಡಬೇಕೆಂಬುದನ್ನು ಅವರ ಕೈಯಿಂದಲೇ ಬರೆಸಿ, ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ಸೇರಿಸಿದ ಮೇಲೆಯೇ ಉಳಿದ ಮಾತಿಗೆ ಹೋದೆವು.

ಉಳಿದ ಮಾತೆಂದರೆ ಜನವರಿಯ ಪ್ರವಾಸ. ಹದಿನಾಲ್ಕು ದಿನ, ಒಂಬತ್ತು ಕಾರ್ಯಕ್ರಮಗಳೆಂದು ಹೊರಟವರು ನುಡಿಸಿದ್ದು ಆರು ಕಡೆ. ಮಂಗಳೂರಿನಲ್ಲಿ ಜನ ಚೆನ್ನಾಗಿ ಸೇರಿದ್ದರು. ಗೋವಾದ ಒಂದು ಬಾರಿನಲ್ಲಿ ಕೇಳಲು ಕೂತವರು ಹದಿನಾಲ್ಕು ಜನ, ಅವರ ಬೆನ್ನ ಹಿಂದಿನ ಟಿವಿಯಲ್ಲಿ ಕ್ರಿಕೆಟ್ ಪಂದ್ಯ. ಮೂರನೆಯ ಹಾಡಿನ ನಡುವೆ ಮ್ಯಾನೇಜರ್ ವೇದಿಕೆಯ ಬಳಿ ಬಂದು, ಹಿಂದಿ ಸಿನಿಮಾ ಹಾಡು ಬರುತ್ತದೆಯೇ ಎಂದು ಕೇಳಿದರು. ಪುಣೆಯ ಕಾಲೇಜು ಉತ್ಸವದಲ್ಲಿ ಎಂಟೂವರೆಗೆ ಇವರ ಸರದಿ ಎಂದಿದ್ದರೂ, ಹಿಂದಿನ ಕಾರ್ಯಕ್ರಮಗಳು ತಡವಾಗಿ ವೇದಿಕೆ ಸಿಕ್ಕಿದ್ದು ಒಂಬತ್ತು ಐವತ್ತಕ್ಕೆ. ರಾತ್ರಿ ಹತ್ತರ ಬಳಿಕ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂಬ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ಎರಡು ಹಾಡಿಗೇ ಧ್ವನಿ ನಿಂತಿತು. ಹೈದರಾಬಾದಿನ ಕಾರ್ಯಕ್ರಮ ಹಿಂದಿನ ದಿನ ಸಂಜೆ ವಾಟ್ಸ್ಯಾಪ್‌ನ ಒಂದು ಸಾಲಿನಲ್ಲಿ ರದ್ದಾಯಿತು. ವಾಪಸು ಬರುವಾಗ ಕಾಗಲ್ ದಾಟಿ ನಿಪ್ಪಾಣಿ ಹತ್ತಿರ ವ್ಯಾನಿನ ಕ್ಲಚ್ ಪ್ಲೇಟ್ ಹೋಗಿ, ಒಂದಿಡೀ ರಾತ್ರಿ ಹೆದ್ದಾರಿ ಬದಿಯ ಢಾಬಾದಲ್ಲಿ ಕಳೆಯಬೇಕಾಯಿತು.

ಆ ರಾತ್ರಿಯನ್ನು ಅವರು ಎರಡು ಸಲ ಹೇಳಿದರು. ಸಿಂಬಲ್‌ಗಳ ಚೀಲವನ್ನು ತಲೆದಿಂಬಾಗಿಸಿಕೊಂಡು ಹಗ್ಗದ ಮಂಚದ ಮೇಲೆ ಮಲಗಿದ್ದಾಗ, ಲಾರಿಗಳ ಆಚೆ ನಿಂತು ಗಿಟಾರಿಸ್ಟ್ ಯಾರೊಂದಿಗೋ ಫೋನಿನಲ್ಲಿ "ಮಾರ್ಚ್ ಒಂದನೇ ತಾರೀಖಿಗೆ ಜಾಯಿನ್ ಆಗ್ತೀನಿ" ಎಂದದ್ದು ಇವರ ಕಿವಿಗೆ ಬಿತ್ತು. ಮರುದಿನ ಎಂಟು ಗಂಟೆಯ ಪ್ರಯಾಣದಲ್ಲಿ ಗಿಟಾರಿಸ್ಟ್ ಅದನ್ನು ಹೇಳಲಿಲ್ಲ, ಇವರೂ ಕೇಳಲಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಇದು ಜೀವನೋಪಾಯದ ಪ್ರಶ್ನೆಯೆಂದು ತಿಳಿದು, ಎರಡನೆಯ ಭೇಟಿಯಲ್ಲಿ ಲೆಕ್ಕಕ್ಕೆ ಕೂತೆ. ಬಂದದ್ದು 1,32,000 ರೂಪಾಯಿ. ವ್ಯಾನಿಗೆ 62,000, ಡೀಸೆಲ್‌ಗೆ 31,000, ವಸತಿಗೆ 28,000, ಊಟಕ್ಕೆ 24,000, ರಿಪೇರಿಗೆ 11,000, ಟೋಲ್ ಮತ್ತು ಸಲಕರಣೆ ಬಾಡಿಗೆಗೆ 15,000, ಒಟ್ಟು 1,71,000. ಮೇಲೆ ಬಿದ್ದ 39,000ವನ್ನು ಇವರು ಯಾರಿಗೂ ಹೇಳದೆ ಮೊಬೈಲ್ ಆ್ಯಪಿನಿಂದ ಸಾಲ ತೆಗೆದು ತುಂಬಿದ್ದರು. ಲೆಕ್ಕ ಸ್ಪಷ್ಟವಾದರೆ ಮನಸ್ಸು ಹಗುರಾದೀತು ಎಂದುಕೊಂಡಿದ್ದೆ, ಆಗಲಿಲ್ಲ. ಆದರೆ ಲೆಕ್ಕ ಹಾಕುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನಾನು ಮಾತಾಡಿದಾಗಲೆಲ್ಲ ಅವರು ಮುಖವನ್ನು ತುಸು ಎಡಕ್ಕೆ ತಿರುಗಿಸಿ ಬಲಗಿವಿಯನ್ನು ನನ್ನ ಕಡೆಗೆ ಒಡ್ಡುತ್ತಿದ್ದರು. ಬಲಗೈ ಡ್ರಮ್ಮರ್‌ಗಳಿಗೆ ಹೈ-ಹ್ಯಾಟ್ ಎಂಬ ಜೋರುಸದ್ದಿನ ಜೋಡಿ ತಾಳ ಇರುವುದು ಎಡಪಕ್ಕದಲ್ಲಿ. ಎಡಗಿವಿ ಸರಿಯಾಗಿ ಕೇಳಿಸುತ್ತದೆಯೇ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ರಾತ್ರಿ ಫ್ಯಾನ್ ಹಾಕ್ಕೊಂಡೇ ಮಲಗ್ತೀನಿ ಮೇಡಂ, ಡಿಸೆಂಬರ್ ಚಳೀಲೂ" ಎಂದರು. ಫ್ಯಾನಿನ ಸದ್ದಿಲ್ಲದಿದ್ದರೆ ಎಡಗಿವಿಯಲ್ಲಿ ಸಣ್ಣ ಸೀಟಿಯಂಥ ಸದ್ದು ಕೇಳುತ್ತಲೇ ಇರುತ್ತದೆ. ಹೀಗಾಗಿ ಒಂದೂವರೆ ವರ್ಷವಾಗಿತ್ತು, ಯಾರಿಗೂ ಹೇಳಿರಲಿಲ್ಲ.

ಕಿವಿಯೊಳಗೆ ಹೀಗೆ ಸದ್ದು ಕೇಳುತ್ತಲೇ ಇರುವುದನ್ನು ಕಿವಿಮೊರೆತ ಎನ್ನುತ್ತಾರೆ. ಅದು ಇರುವವರ ನಿದ್ದೆ ಮತ್ತು ಮನಸ್ಸು ಕೆಡುವುದು ಅಪರೂಪವಲ್ಲ. ಮನಸ್ಸು ಕುಗ್ಗಿದಷ್ಟೂ ಆ ಸದ್ದು ಜೋರಾಗಿ ಕೇಳುತ್ತದೆ, ಜೋರಾದಷ್ಟೂ ಮನಸ್ಸು ಇನ್ನಷ್ಟು ಕುಗ್ಗುತ್ತದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದೆಂದು ಔದ್ಯೋಗಿಕ ಆರೋಗ್ಯದ ಮಾರ್ಗಸೂಚಿಗಳು ಹೇಳುತ್ತವೆ. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿದು, ನೂರು ಡೆಸಿಬೆಲ್‌ನಲ್ಲಿ ಹದಿನೈದೇ ನಿಮಿಷವಾಗುತ್ತದೆ. ಡ್ರಮ್ ಮುಂದೆ ಕೂತವರಿಗೆ ಆ ಹದಿನೈದು ನಿಮಿಷ ಮೊದಲ ಮೂರು ಹಾಡಿಗೇ ಮುಗಿದುಹೋಗುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ನನ್ನ ಮೊದಲ ಸಲಹೆ ತಂಡದ ಬಗ್ಗೆ ಆಗಿರಲಿಲ್ಲ: ಬೇರೆ ಯಾವ ತೀರ್ಮಾನಕ್ಕೂ ಮೊದಲು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ, ಪರೀಕ್ಷೆಯ ಫಲಿತಾಂಶ ಬರುವವರೆಗೆ ರಬ್ಬರ್ ಪ್ಯಾಡಿನ ಮೇಲೆ ಮಾತ್ರ ಅಭ್ಯಾಸ ಮಾಡಿ ಎಂದೆ. ಫ್ಯಾನಿನ ಉಪಾಯವನ್ನು ಬಿಡಬೇಡಿ ಎಂದೂ ಹೇಳಿದೆ. ನಿಶ್ಶಬ್ದದಲ್ಲಿ ಮೊರೆತ ಎದ್ದು ಕೇಳುವುದರಿಂದ ಹಿನ್ನೆಲೆಯಲ್ಲಿ ಮೆಲುಸದ್ದು ಇಟ್ಟುಕೊಳ್ಳುವಂತೆ ತಜ್ಞರೂ ಸೂಚಿಸುತ್ತಾರೆ. ಇವರು ಅದನ್ನು ತಾವಾಗಿಯೇ ಕಂಡುಕೊಂಡಿದ್ದರು. ಹಾಸನದ ಕಡೆಯವರಾದ ಇವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬಂದರು. ಎಡಗಿವಿಯಲ್ಲಿ ನಾಲ್ಕು ಸಾವಿರ ಹರ್ಟ್ಜ್ ಸುತ್ತಮುತ್ತ, ಅಂದರೆ ಎತ್ತರದ ಸ್ವರಗಳ ಕಡೆ, ಕೇಳುವ ಶಕ್ತಿಯಲ್ಲಿ ಸ್ಪಷ್ಟವಾದ ಕುಸಿತವಿತ್ತು, ಬಲಗಿವಿಯಲ್ಲಿ ಅಷ್ಟಿರಲಿಲ್ಲ. ಎರಡು ತಿಂಗಳು ಜೋರು ಸದ್ದಿನಿಂದ ದೂರವಿರಬೇಕು, ಆಮೇಲೆ ಕಿವಿಯ ಅಚ್ಚು ತೆಗೆದು ಮಾಡಿದ ಇಯರ್‌ಪ್ಲಗ್ ಇಲ್ಲದೆ ನುಡಿಸಬಾರದು ಎಂದು ತಜ್ಞರು ತಿಳಿಸಿದರು.

ಇಷ್ಟು ದಿನ ಮುಚ್ಚಿಟ್ಟದ್ದೇಕೆ ಎಂಬುದಕ್ಕೆ ಅವರು ಕೊಟ್ಟ ಉತ್ತರ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ತಂಡ ನುಡಿಸಿದಾಗ ಇವರು ಎರಡನೆಯ ಪಿಯುಸಿಯಲ್ಲಿದ್ದರು, ತಮ್ಮ ತಂಡದ ಈಗಿನ ಗಾಯಕರೊಂದಿಗೆ ಹೋಗಿದ್ದರು. ಮರುವರ್ಷ, ಶಾಲಾ ಮೇಷ್ಟರಾಗಿದ್ದ ಅಪ್ಪ ತಮ್ಮ ಭವಿಷ್ಯನಿಧಿಯಿಂದ (ಜಿಪಿಎಫ್) ಮುಂಗಡ ತೆಗೆದು ಮೊದಲ ಡ್ರಮ್ ಕಿಟ್ ಕೊಡಿಸಿದರು. ಮಗನ ತಂಡದ ಬಗ್ಗೆ ಪತ್ರಿಕೆಯಲ್ಲಿ ಬಂದ ಒಂದೊಂದು ತುಣುಕನ್ನೂ ಅವರು ಕತ್ತರಿಸಿ ಇಟ್ಟಿದ್ದಾರೆ. "ಅಪ್ಪ ಬೈದಿದ್ರೆ ಸುಲಭ ಆಗ್ತಿತ್ತು. ಅವರು ಯಾವತ್ತೂ ಬೈದಿಲ್ಲ" ಎಂದರು. ಕಲೆಯ ದಾರಿ ಹಿಡಿದ ಮಕ್ಕಳಿಗೆ ಮನೆಯವರ ವಿರೋಧ ಎಷ್ಟು ಕಷ್ಟವೆಂಬುದನ್ನು ನಾವು ಆಗಾಗ ಕೇಳುತ್ತೇವೆ. ಪೂರ್ತಿ ನಂಬಿದ ಮನೆಯವರಿಗೆ ಸೋಲಿನ ಸುದ್ದಿ ಹೇಳುವುದು ಅದಕ್ಕಿಂತ ಕಷ್ಟವಾಗಬಲ್ಲದು ಎಂಬುದನ್ನು ನಾನು ಇವರಿಂದ ಕಲಿತೆ. ತಂಡದ ಮಟ್ಟಿಗೂ ಇದೇ ಮಾತು. ಕಿವಿ ಹೋಯಿತೆಂದರೆ ತಂಡ ನಿಲ್ಲುತ್ತದೆ, ನಿಂತದ್ದು ತನ್ನಿಂದ ಎಂದಾಗುತ್ತದೆ ಎಂದು ಅವರು ನಂಬಿದ್ದರು.

ಅವರು ಮೆಚ್ಚುವ ಲೋಕದಿಂದಲೇ ಒಂದು ಉದಾಹರಣೆ ತೆಗೆದುಕೊಂಡೆ. 2016ರಲ್ಲಿ ಎಸಿ/ಡಿಸಿ ಎಂಬ ರಾಕ್ ತಂಡದ ಗಾಯಕ ಬ್ರಯಾನ್ ಜಾನ್ಸನ್, ಕಿವಿ ಪೂರ್ತಿ ಹೋಗುವ ಅಪಾಯವಿದೆಯೆಂದು ವೈದ್ಯರು ಎಚ್ಚರಿಸಿದ್ದರಿಂದ ಪ್ರವಾಸದ ನಡುವೆಯೇ ಹಿಂದೆ ಸರಿದರು. ತಂಡ ಬೇರೊಬ್ಬ ಗಾಯಕನೊಂದಿಗೆ ಪ್ರವಾಸ ಮುಗಿಸಿತು. 2020ರ ಆಲ್ಬಮ್‌ನಲ್ಲಿ ಜಾನ್ಸನ್ ಮತ್ತೆ ಹಾಡಿದರು. ಇವರಿಗೆ ಇದೆಲ್ಲ ಗೊತ್ತಿತ್ತು. ಅರಮನೆ ಮೈದಾನದಲ್ಲಿ ತಾವು ಕಣ್ಣಾರೆ ಕಂಡ ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್ ತಮ್ಮ ಕಿವಿಮೊರೆತದ ಬಗ್ಗೆ ಬಹಿರಂಗವಾಗಿ ಮಾತಾಡಿದ್ದೂ ಗೊತ್ತಿತ್ತು. ಆ ಇಬ್ಬರನ್ನು ಯಾರಾದರೂ ದ್ರೋಹಿ ಎಂದರೇ ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ, ಆದರೆ ಮುಂದಿನ ಭೇಟಿಗೆ ತಂಡದವರಿಗೆ ಹೇಳಬೇಕಾದ ಮಾತನ್ನು ಬರೆದುಕೊಂಡು ಬಂದರು.

ಬರೆದದ್ದು ಶುರುವಾಗಿದ್ದು "ಸಾರಿ, ನನ್ನಿಂದ ಬ್ಯಾಂಡ್ ಹಾಳಾಯ್ತು" ಎಂದು. ಕ್ಷಮೆಯಿಂದ ಶುರುವಾದ ಮಾತಿಗೆ ಎದುರಿನವರು ಸಮಾಧಾನ ಹೇಳಬೇಕಾಗುತ್ತದೆ, ಆಗ ವಿಷಯ ಅಲ್ಲಿಗೇ ನಿಂತುಬಿಡುತ್ತದೆ ಎಂದು ವಿವರಿಸಿದೆ. ನಾನು ಗಾಯಕನಾಗಿ, ಗಿಟಾರಿಸ್ಟ್ ಆಗಿ ಎದುರು ಕೂತು ಅವರಿಂದ ನಾಲ್ಕೈದು ಸಲ ಹೇಳಿಸಿದೆ. ಕೊನೆಗೆ ಉಳಿದದ್ದು ಇಷ್ಟು: "ನನ್ನ ಎಡಗಿವಿ ಕೇಳೋದು ಕಮ್ಮಿ ಆಗಿದೆ. ಎರಡು ತಿಂಗಳು ಜೋರಾಗಿ ನುಡಿಸೋ ಹಾಗಿಲ್ಲ. ಮೂವತ್ತೊಂಬತ್ತು ಸಾವಿರ ಸಾಲ ಇದೆ. ಮುಂದೇನು ಅಂತ ನಾಲ್ಕೂ ಜನ ಕೂತು ಮಾತಾಡೋಣ." ಇದನ್ನು ಅಭ್ಯಾಸದ ಕೋಣೆಯಲ್ಲಾಗಲಿ ಕುಡಿಯುತ್ತ ಕೂತಾಗಲಿ ಹೇಳಬೇಡಿ, ವಾದ್ಯಗಳಿಲ್ಲದ ಜಾಗದಲ್ಲಿ, ಹಗಲಿನಲ್ಲಿ ಹೇಳಿ ಎಂಬುದು ನನ್ನ ಸಲಹೆ. ಮೂವರೂ ಒಪ್ಪಿದರೆ ನನ್ನ ಕೋಣೆಗೇ ಬರಬಹುದು ಎಂದೂ ಸೇರಿಸಿದೆ.

ಫೆಬ್ರವರಿ ಕೊನೆಯಲ್ಲಿ ನಾಲ್ವರೂ ಬಂದರು. ಡ್ರಮ್ಮರ್ ತಮ್ಮ ನಾಲ್ಕು ವಾಕ್ಯಗಳನ್ನು ಹೇಳಿ ಮುಗಿಸಿದಾಗ ಗಾಯಕರು, "ಗೊತ್ತಿತ್ತು ಕಣೋ. ಒಂದು ವರ್ಷದಿಂದ ನೀನು ಜೋರಾಗಿ ಬಾರಿಸ್ತಿದ್ದೆ. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ" ಎಂದರು. ಆಮೇಲೆ ಗಿಟಾರಿಸ್ಟ್ ತಮ್ಮ ಕೆಲಸದ ಆದೇಶಪತ್ರದ ವಿಷಯ ಹೇಳಿದರು. ಬೇಸ್ ಗಿಟಾರ್ ನುಡಿಸುವವರು ಎರಡು ತಿಂಗಳಿಂದ ರಾತ್ರಿ ಹೊತ್ತು ಊಟದ ಡೆಲಿವರಿ ಮಾಡುತ್ತಿದ್ದುದು ಯಾರಿಗೂ ತಿಳಿದಿರಲಿಲ್ಲ. ಕೊನೆಗೆ ಗಾಯಕರು ತಮ್ಮ ಚೀಲದಿಂದ ಒಂದು ಚೆಕ್ ತೆಗೆದು ಮೇಜಿನ ಮೇಲಿಟ್ಟರು. ಸಂಘಟಕರೊಬ್ಬರು ಕೊಟ್ಟಿದ್ದ 40,000ದ ಚೆಕ್ ಬೌನ್ಸ್ ಆಗಿತ್ತು. ಉಳಿದವರು ಎದೆಗುಂದಬಾರದೆಂದು ಅವರು ಅದನ್ನು ಬಚ್ಚಿಟ್ಟಿದ್ದರು. ಒಬ್ಬರನ್ನೊಬ್ಬರು ಕಾಪಾಡಲೆಂದೇ ನಾಲ್ವರೂ ಬಾಯಿ ಕಟ್ಟಿಕೊಂಡು ಕೂತಿದ್ದ ಆ ವ್ಯಾನನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಇಂಥ ತಂಡಗಳಿಗೆ ಪ್ರೀತಿಯ ಕೊರತೆ ಇರುವುದಿಲ್ಲ, ದಣಿವನ್ನು ಹೇಳಿಕೊಳ್ಳುವ ರೂಢಿ ಇರುವುದಿಲ್ಲ.

ಚೆಕ್ಕಿನ ವಿಷಯದಲ್ಲಿ ತಡಮಾಡುವಂತಿರಲಿಲ್ಲ. ಚೆಕ್ ಮರಳಿದೆಯೆಂದು ತಿಳಿಸುವ ಬ್ಯಾಂಕಿನ ಮೆಮೊ ಕೈಸೇರಿದ ಮೂವತ್ತು ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕೆಂದು ಕಾನೂನು ಹೇಳುತ್ತದೆ, ಅದರಲ್ಲಿ ಆರೇ ದಿನ ಉಳಿದಿತ್ತು. ಮರುದಿನವೇ ವಕೀಲರನ್ನು ಕಾಣಲು ಹೇಳಿದೆ. ನೋಟಿಸು ತಲುಪಿದ ಹದಿನೈದು ದಿನಗಳ ಗಡುವಿನೊಳಗೆ ಹಣ ಬಂತು, ಆ್ಯಪಿನ ಸಾಲ ತೀರಿತು. ಪುಣೆಯ ಕಾಲೇಜು 60,000ದಲ್ಲಿ ಶೇ. 10ರಂತೆ ಹಿಡಿದುಕೊಂಡಿದ್ದ 6,000 ರೂಪಾಯಿ ಆದಾಯ ತೆರಿಗೆ (ಟಿಡಿಎಸ್) ಗಾಯಕರ ಪ್ಯಾನ್ ಸಂಖ್ಯೆಗೆ ಜಮೆಯಾಗಿತ್ತು, ಆದರೆ ಅವರು ಎಂದೂ ರಿಟರ್ನ್ ಸಲ್ಲಿಸಿದವರಲ್ಲ, ಅದನ್ನೂ ಸರಿಪಡಿಸಿಕೊಂಡರು. ತಿಂಗಳಿಗೊಮ್ಮೆ ವಾದ್ಯ ಮುಟ್ಟದೆ ಒಂದು ಗಂಟೆ ಕೂತು, ಹಣ, ದೇಹ, ಮನೆ ಈ ಮೂರರ ಬಗ್ಗೆ ಪ್ರತಿಯೊಬ್ಬರೂ ಮಾತಾಡಬೇಕು, ಉಳಿದವರು ನಡುವೆ ಬಾಯಿ ಹಾಕಬಾರದು ಎಂಬ ಪದ್ಧತಿಯನ್ನು ಸೂಚಿಸಿದೆ. ತಂಡವನ್ನು ಮುಂದುವರಿಸಬೇಕೋ ಬಿಡಬೇಕೋ ಎಂಬುದರ ಬಗ್ಗೆ ನಾನು ಅಭಿಪ್ರಾಯ ಹೇಳಲಿಲ್ಲ. ಅದು ಅವರದೇ ತೀರ್ಮಾನ.

ಗಿಟಾರಿಸ್ಟ್ ಕೆಲಸಕ್ಕೆ ಸೇರಿದರು, ಶನಿವಾರಗಳಲ್ಲಿ ಅಭ್ಯಾಸಕ್ಕೆ ಬರುತ್ತಾರೆ. ಬೇಸ್ ನುಡಿಸುವವರು ತಂಡ ಬಿಟ್ಟರು, ಅದು ನೋವಿನ ಅಗಲಿಕೆಯೇ ಆಗಿತ್ತು, ಆದರೆ ಮುಖಾಮುಖಿ ಹೇಳಿ ಹೋದರು. ದೂರದ ಪ್ರವಾಸವನ್ನು ಒಂದು ವರ್ಷದ ಮಟ್ಟಿಗೆ ಕೈಬಿಟ್ಟಿದ್ದಾರೆ. ಡ್ರಮ್ಮರ್ ಮನೋವೈದ್ಯರ ಔಷಧಿ ಮುಂದುವರಿಸುತ್ತಿದ್ದಾರೆ, ನಿದ್ದೆ ಬಹುಮಟ್ಟಿಗೆ ಸುಧಾರಿಸಿದೆ, ಬೆಳಗಿನ ಆ ಯೋಚನೆ ಏಪ್ರಿಲ್ ನಂತರ ಬಂದಿಲ್ಲ. ಮೊರೆತ ಹೋಗಿಲ್ಲ, ಫ್ಯಾನ್ ಈಗಲೂ ತಿರುಗುತ್ತಿದೆ.

ಕೊನೆಯ ಭೇಟಿಯಲ್ಲಿ, ಅಪ್ಪನಿಗೆ ಹೇಳಿದಿರಾ ಎಂದು ಕೇಳಿದೆ. ಯುಗಾದಿಗೆ ಊರಿಗೆ ಹೋದಾಗ ಹೇಳಿದರಂತೆ. ಅಪ್ಪ "ಯಾವ ಕಿವಿನೋ?" ಎಂದಷ್ಟೇ ಕೇಳಿ, ಎದ್ದು ಬಂದು ಮಗನ ಬಲಪಕ್ಕದಲ್ಲಿ ಕೂತರಂತೆ.