ಬಲೂನ್ ಕಟ್ಟೋದು ಬರುತ್ತೆ, ರೊಕ್ಕ ಕೇಳೋದು ಬರಲ್ಲ

ಪ್ರಶ್ನೆ: ಅಕ್ಕಾ, ನಾನು ಕಲಬುರಗಿಯ ಬ್ರಹ್ಮಪುರದವಳು. ವಯಸ್ಸು 31. ಮಗಳ ಮೊದಲ ಬರ್ತ್‌ಡೇಗೆ ನಾನೇ ಡೆಕೋರೇಷನ್ ಮಾಡಿದ್ದೆ. ಅವತ್ತಿನಿಂದ ನೆಂಟರು, ಓಣಿಯವರು ಎಲ್ಲರೂ ಕರೆಯುತ್ತಾರೆ. ಬಲೂನ್ ಕಟ್ಟುತ್ತೇನೆ, ಮಕ್ಕಳಿಗೆ ಆಟ ಆಡಿಸುತ್ತೇನೆ. ಸಾಮಾನಿನ ರೊಕ್ಕವನ್ನೂ ಕೆಲವರು ಕೊಡುವುದಿಲ್ಲ. ಇದನ್ನೇ ಬಿಸಿನೆಸ್ ಮಾಡುವ ಆಸೆ ಇದೆ. ಮೈದುನ ‘ವೈನಿ, ಪಾಟಲಿ ಒತ್ತೆ ಇಟ್ಟು ಸೂಪರ್ ಮಾರ್ಕೆಟ್ ಹತ್ರ ಅಂಗಡಿ ಹಿಡೀರಿ’ ಅನ್ನುತ್ತಾನೆ. ಅತ್ತೆ ‘ಮಂದಿ ಮನಿಗೆ ಹೋಗಿ ಬಲೂನ್ ಊದಿ ರೊಕ್ಕ ತಗೋತೀಯಾ’ ಎಂದು ಸಿಟ್ಟಾಗುತ್ತಾರೆ. ಮುಂದಿನ ತಿಂಗಳು ನಾದಿನಿಯ ಮಗನ ಬರ್ತ್‌ಡೇ. ಅವಳ ಹತ್ತಿರವೂ ರೊಕ್ಕ ಕೇಳಬೇಕಾ?

ಉತ್ತರ: ಕೇಳಿ ತಂಗಿ. ಬಿಸಿನೆಸ್ ಶುರುವಾಗಬೇಕಾದದ್ದೇ ನಾದಿನಿಯ ಮನೆಯಿಂದ. ಅಲ್ಲಿ ಬಾಯಿ ಬರದಿದ್ದರೆ ಹೊರಗಿನವರ ಮುಂದೆಯೂ ಬರುವುದಿಲ್ಲ.

ಹೇಗೆ ಕೇಳಬೇಕು ಅಂತ ಹೇಳುತ್ತೇನೆ. ಆ ಹುಡುಗನಿಗೆ ನಿಮ್ಮ ಯಜಮಾನರು ಸೋದರಮಾವ. ಆಯೇರಿ ಹೇಗೂ ಮಾಡಲೇಬೇಕು, ಅಲ್ವಾ? ಒಂದು ಚೀಟಿ ಬರೆಯಿರಿ. ಸಾಮಾನು 1,800, ನನ್ನ ಮಜೂರಿ 2,000 ಎಂದಿಟ್ಟುಕೊಳ್ಳಿ. ಮಜೂರಿಯ ಎದುರಿಗೆ ‘ಇದು ನಮ್ಮ ಕಡೆಯ ಆಯೇರಿ’ ಎಂದು ಬರೆದು ನಾದಿನಿಗೆ ಕೊಡಿ. ಸಾಮಾನಿನ ರೊಕ್ಕ ಮಾತ್ರ ಮುಂಗಡ ಇಸಿದುಕೊಳ್ಳಿ. ಸಂಬಂಧವೂ ಕೆಡಲಿಲ್ಲ, ನಿಮ್ಮ ಕೆಲಸಕ್ಕೆ ಒಂದು ಬೆಲೆ ಇದೆ ಅನ್ನುವುದೂ ನಾಲ್ಕು ಜನರಿಗೆ ಗೊತ್ತಾಯಿತು. ಮುಂದೆ ನೆಂಟರಲ್ಲಿ ಯಾರೇ ಕರೆದರೂ ಚೀಟಿ ಮೊದಲು, ಬಲೂನ್ ಆಮೇಲೆ.

ಅಂಗಡಿ ಈಗ ಬೇಡ. ಪಾಟಲಿ ಮುಟ್ಟಲೇಬೇಡಿ. ಈ ಕೆಲಸಕ್ಕೆ ಜನ ಅಂಗಡಿ ಹುಡುಕಿಕೊಂಡು ಬರುವುದಿಲ್ಲ, ವಾಟ್ಸಾಪ್‌ನಲ್ಲಿ ಫೋಟೋ ನೋಡಿ, ಪಕ್ಕದ ಮನೆಯವರನ್ನು ಕೇಳಿ ಫೋನ್ ಮಾಡುತ್ತಾರೆ. ಬೇಸಿಗೆಯಲ್ಲಿ ನಮ್ಮ ಊರು 40 ಡಿಗ್ರಿ ದಾಟುತ್ತದೆ. ಅಂಗಳದಲ್ಲಿ ಕಟ್ಟಿದ ಬಲೂನ್ ಪಟಪಟ ಒಡೆಯುತ್ತವೆ, ಕೇಕಿನ ಕ್ರೀಮ್ ಇಳಿಯುತ್ತದೆ, ಅರ್ಧ ಊರು ರಜೆಗೆ ಹಳ್ಳಿಗೆ ಹೋಗಿರುತ್ತದೆ. ಆಗಲೂ ಬಾಡಿಗೆ ಕಟ್ಟಬೇಕಲ್ಲ? ರೊಕ್ಕ ಬೇಕೇ ಬೇಕು ಅನ್ನಿಸಿದರೆ ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ ‘ಶಿಶು’ ಸಾಲ ಕೇಳಿ. 50,000 ರೂಪಾಯಿವರೆಗೆ ಏನೂ ಒತ್ತೆ ಇಡಬೇಕಿಲ್ಲ. ಸಣ್ಣ ಬಿಸಿನೆಸ್ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ‘ಉದ್ಯಮ್’ ನೋಂದಣಿ ಸರ್ಕಾರದ ವೆಬ್‌ಸೈಟಿನಲ್ಲಿ ಉಚಿತ, ಅದಕ್ಕೆ ಯಾರಾದರೂ ಸರ್ಕಾರಿ ಫೀಸು ಅಂತ ಕೇಳಿದರೆ ಕೊಡಬೇಡಿ. ಅಡುಗೆ, ಕೇಕಿನ ಕೆಲಸ ಸದ್ಯಕ್ಕೆ ಮೈಮೇಲೆ ಹಾಕಿಕೊಳ್ಳಬೇಡಿ. ಅದರ ಲೈಸೆನ್ಸ್, ಜವಾಬ್ದಾರಿ ಎಲ್ಲವೂ ಬೇರೆ.

ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ ಮಾತು ‘ಮಕ್ಕಳಿಗೆ ಆಟ ಆಡಿಸುತ್ತೇನೆ’ ಅನ್ನುವುದು. ಬಲೂನ್ ಕಟ್ಟುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮಕ್ಕಳನ್ನು ನೋಡುವವರು ಕಡಿಮೆ. ನೀವೂ ಕಂಡಿರುತ್ತೀರಿ: ಕಾಕಾ ಇನ್ನೂ ಬಂದಿಲ್ಲ ಅಂತ ಕೇಕ್ ಕತ್ತರಿಸುವುದು ಒಂಬತ್ತೂವರೆಗೆ ಹೋಗುತ್ತದೆ. ಒಂದು ವರ್ಷದ ಕೂಸು ಚುಚ್ಚುವ ನೆಟ್ ಫ್ರಾಕಿನಲ್ಲಿ ಕುತ್ತಿಗೆ ಕೆರೆದುಕೊಳ್ಳುತ್ತಾ, ನಿದ್ದೆಗಣ್ಣಲ್ಲಿ ಅಳುತ್ತಿರುತ್ತದೆ. ಎಲ್ಲರೂ ‘ಇಲ್ಲಿ ನೋಡು, ಇಲ್ಲಿ ನೋಡು’ ಅಂತ ಫೋನ್ ಹಿಡಿದಿರುತ್ತಾರೆ. ಕೂಸು ಎಷ್ಟು ಗಂಟೆಗೆ ಮಲಗುತ್ತದೆ ಅಂತ ತಾಯಿಯನ್ನು ಮೊದಲೇ ಕೇಳಿ, ಕೇಕಿನ ಹೊತ್ತನ್ನು ಅದರ ಪ್ರಕಾರ ಗೊತ್ತು ಮಾಡಿ. ಇಷ್ಟು ಮಾಡಿದರೂ ಆ ತಾಯಿ ನಿಮ್ಮನ್ನು ಮರೆಯುವುದಿಲ್ಲ. ಉಳಿದ ಮಕ್ಕಳಿಗೆ ಲಗೋರಿ, ಕುರ್ಚಿ ಆಟ ಸಾಕು.

ಇನ್ನೊಂದು ವಿಷಯದಲ್ಲಿ ಯಾರು ಎಷ್ಟೇ ಕೇಳಿಕೊಂಡರೂ ಬಗ್ಗಬೇಡಿ. ಮೇಣದಬತ್ತಿ ಹಚ್ಚಿರುವಾಗ ಸ್ನೋ ಸ್ಪ್ರೇ ಹೊಡೆಯಲು ಬಿಡಬಾರದು, ಅದು ಭಗ್ಗನೆ ಹೊತ್ತಿಕೊಳ್ಳುತ್ತದೆ. ಹೀಲಿಯಂ ದುಬಾರಿ ಅಂತ ಕೆಲವರು ಬಲೂನಿಗೆ ಹೈಡ್ರೋಜನ್ ತುಂಬಿಸುತ್ತಾರೆ. ಅದಕ್ಕೆ ಒಂದು ಕಿಡಿ ಸಾಕು. ನೀವು ಪಂಪಿನಿಂದ ಗಾಳಿ ತುಂಬಿ ದಾರದಲ್ಲಿ ಕಟ್ಟಿ. ಒಡೆದ ಬಲೂನಿನ ಚೂರುಗಳನ್ನು ಆಗಿಂದಾಗಲೇ ಆರಿಸಿ ತೆಗೆಯಿರಿ, ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿ ಉಸಿರು ಕಟ್ಟುತ್ತದೆ. ಅಲಂಕಾರದ ಥರ್ಮಾಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಬಟ್ಟೆ, ರಟ್ಟು ಬಳಸಿ. ಬಟ್ಟೆಯ ಪರದೆ ಒಗೆದು ಹತ್ತು ಮನೆಗೆ ಕಟ್ಟಬಹುದು, ನಿಮ್ಮ ಲಾಭ ಅಲ್ಲೇ ಉಳಿಯುತ್ತದೆ.

ಬರ್ತ್‌ಡೇ ಒಂದನ್ನೇ ನಂಬಿ ಕೂರಬೇಡಿ. ತೊಟ್ಟಿಲು ಕಾರ್ಯಕ್ರಮ ಇದೆ, ಜಾವಳ ಇದೆ, ಸಂಕ್ರಾಂತಿಗೆ ಕೂಸುಗಳಿಗೆ ಬಾರಿಹಣ್ಣು ಎರೆಯುವುದಿದೆ. ಮುಸ್ಲಿಂ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಕುರಾನ್ ಓದು ಶುರು ಮಾಡಿಸುವ ‘ಬಿಸ್ಮಿಲ್ಲಾ’ ಶಾಸ್ತ್ರ ಮಾಡುತ್ತಾರೆ. ಓಣಿಯಲ್ಲಿ ಆಡಿ ಕಲಿತ ಉರ್ದು ನಿಮಗೂ ಇದ್ದರೆ ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ.

ಅತ್ತೆಯ ಸಿಟ್ಟಿನ ಹಿಂದೆ ಬರೀ ಮರ್ಯಾದೆಯ ಮಾತಿಲ್ಲ ಅನ್ನಿಸುತ್ತದೆ. ಸೊಸೆ ರಾತ್ರಿ ಹತ್ತಕ್ಕೆ ಒಬ್ಬಳೇ ಆಟೋದಲ್ಲಿ ಬರುತ್ತಾಳಲ್ಲ ಅನ್ನುವ ಅಂಜಿಕೆಯೂ ಇದ್ದೀತು. ಕಟ್ಟುವ ಕೆಲಸ ಮಧ್ಯಾಹ್ನ ಮುಗಿಸಿ, ಓಣಿಯ ಒಬ್ಬ ಹುಡುಗಿಗೆ ದಿನದ ಪಗಾರ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ತೊಟ್ಟಿಲ ಶಾಸ್ತ್ರಕ್ಕೆ ಏನೇನು ಬೇಕು ಅಂತ ಅತ್ತೆಯನ್ನೇ ಕೇಳಿ. ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರಲಿಕ್ಕಿಲ್ಲ.

ಪತ್ರದಲ್ಲಿ ಅತ್ತೆ, ಮೈದುನ, ನಾದಿನಿ ಎಲ್ಲರೂ ಇದ್ದಾರೆ. ಯಜಮಾನರ ಒಂದು ಮಾತೂ ಇಲ್ಲ. ಅವರ ಜೊತೆ ಈ ವಿಷಯ ಬಾಯಿಬಿಟ್ಟು ಮಾತಾಡಿದ್ದೀರಾ? ಇಲ್ಲದಿದ್ದರೆ ಇವತ್ತೇ ಮಾತಾಡಿ. ಇಲ್ಲಿಯವರೆಗೆ ಯಾರ್ಯಾರ ಮನೆಗೆ ಎಷ್ಟು ರೊಕ್ಕ ಕೈಯಿಂದ ಹಾಕಿದ್ದೀರಿ ಅನ್ನುವುದನ್ನು ಒಂದು ವಹಿಯಲ್ಲಿ ಬರೆದು ಅವರ ಮುಂದಿಡಿ. ಅಂಗಡಿ ಬೇಡ ಅನ್ನುವುದನ್ನು ಮೈದುನನಿಗೆ ಇಬ್ಬರೂ ಸೇರಿಯೇ ಹೇಳಿ.