ಇ-ಸಿಗರೇಟಿನ ಹೊಸ ಆಟೊಮೈಸರ್ ಪಳಗಿಸುವುದು ಹೇಗೆ? ಮೂರು ಕಾಯಿಲ್ ಸುಟ್ಟವನ ಉತ್ತರ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಜೊತೆಗೆ ಸ್ವಲ್ಪ ಸಂಕಟವೂ ಆಯಿತು. ಇ-ಸಿಗರೇಟಿನ ಹೊಸ ಆಟೊಮೈಸರ್ (ಒಳಗಿನ ದ್ರವವನ್ನು, ಅಂದರೆ ಲಿಕ್ವಿಡ್ಡನ್ನು, ಕಾಯಿಸಿ ಆವಿ ಮಾಡುವ ಭಾಗ) ಪಳಗಿಸೋಕೆ ಎಷ್ಟು ದಮ್ ಎಳೆಯಬೇಕು, ಸೀದ ರುಚಿ ಬಂದರೆ ಯಾವ ಆಲ್ಕೋಹಾಲಿನಲ್ಲಿ ತೊಳೆಯಬೇಕು ಅಂತ ಕೇಳಿದ್ದೀರಿ. ಇದೇ ಎರಡು ಪ್ರಶ್ನೆ ಹಿಡಿದುಕೊಂಡು ನಾನೂ ಒಂದು ರಾತ್ರಿ ಕೂತಿದ್ದೆ. ಬೆಳಗಾಗುವ ಹೊತ್ತಿಗೆ ಐದು ಕಾಯಿಲ್‌ಗಳ (ಆಟೊಮೈಸರ್‌ನೊಳಗೆ ಬಿಸಿಯಾಗುವ, ತಂತಿ ಸುತ್ತಿದ ತುಂಡು) ಪೊಟ್ಟಣದಲ್ಲಿ ಎರಡೇ ಉಳಿದಿದ್ದವು. ನನ್ನ ಬೆರಳ ಸಂದಿಯಲ್ಲಿ ಮತ್ತೆ ಸಿಗರೇಟ್ ಇತ್ತು.

ಹದಿನಾಲ್ಕು ವರ್ಷ ಸಿಗರೇಟ್ ಸೇದಿದವನು ನಾನು. ಬಿಡಬೇಕು ಅಂತ ಮಾಡಿದ ಪ್ರಯತ್ನಗಳ ಲೆಕ್ಕ ಇಟ್ಟಿಲ್ಲ. ಕೊನೆಗೆ ಇದನ್ನಾದರೂ ನೋಡೋಣ ಅಂತ ಒಂದು ಸಾಧನ ತೆಗೆದುಕೊಂಡೆ. ಬ್ಯಾಟರಿ, ಮೇಲೊಂದು ಗಾಜಿನ ಟ್ಯಾಂಕ್, ಅದರೊಳಗೆ ತಿರುಪು ಹಾಕಿ ಕೂರಿಸುವ ಕಾಯಿಲ್. ಪೆಟ್ಟಿಗೆಯಲ್ಲಿದ್ದ ಚೀಟಿಯಲ್ಲಿ ಅಕ್ಷರ ಇರುವೆ ಸಾಲಿನ ಹಾಗಿತ್ತು. ಓದಲಿಲ್ಲ. ಬದಲಿಗೆ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಒಬ್ಬರು ಬಹಳ ಕಾಳಜಿಯಿಂದ, ಹಂತ ಹಂತವಾಗಿ ಬರೆದಿದ್ದರು: ಹೊಸ ಆಟೊಮೈಸರ್‌ನೊಳಗೆ ಕಾರ್ಖಾನೆಯವರು ಹಾಕಿದ ದ್ರವ ಇರುತ್ತದೆ, ಅದರ ರುಚಿ ಕೆಟ್ಟದಾಗಿರುತ್ತದೆ, ಮೊದಲು ಬಟನ್ ಒತ್ತಿ ಒತ್ತಿ ಅದನ್ನು ಸುಟ್ಟು ಹೊರಹಾಕಿ, ಆಮೇಲೆ ನಿಮ್ಮ ಲಿಕ್ವಿಡ್ ಹಾಕಿ.

ಹಾಗೇ ಮಾಡಿದೆ. ಟ್ಯಾಂಕ್ ಖಾಲಿ, ಕಾಯಿಲ್ ಒಣ. ಬಟನ್ ಒತ್ತಿ ಐದು ಸೆಕೆಂಡ್ ಹಿಡಿದೆ. ಒಂದು ಎಳೆ ಹೊಗೆ ಬಂತು. ಆಹಾ, ಕಾರ್ಖಾನೆ ದ್ರವ ಹೋಗ್ತಾ ಇದೆ ಅಂದುಕೊಂಡೆ. ಮತ್ತೆ ಒತ್ತಿದೆ. ಮತ್ತೆ. ಹೊಗೆ ನಿಂತ ಮೇಲೆ ಲಿಕ್ವಿಡ್ ತುಂಬಿ, ದೀರ್ಘವಾಗಿ ಒಂದು ದಮ್ ಎಳೆದೆ.

ಆ ಘಾಟು ಹೇಳಿದರೆ ಅರ್ಥ ಆಗುವಂಥದ್ದಲ್ಲ, ಆದರೂ ಹೇಳ್ತೀನಿ. ಇಸ್ತ್ರಿಪೆಟ್ಟಿಗೆಯ ಕೆಳಗೆ ಮರೆತು ಬಿಟ್ಟ ಬಟ್ಟೆಯ ಸೀಕಲು ವಾಸನೆಯನ್ನು ನೇರವಾಗಿ ಗಂಟಲಿಗೆ ಸುರಿದ ಹಾಗೆ. ಕಣ್ಣಲ್ಲಿ ನೀರು ಬಂತು. ಕಾಯಿಲ್ ಸರಿಯಿಲ್ಲ ಅಂತ ತೀರ್ಮಾನಿಸಿ ಎರಡನೆಯದು ಹಾಕಿದೆ. ಇನ್ನೂ ಚೆನ್ನಾಗಿ ಪಳಗಿಸೋಣ ಅಂತ ಇನ್ನೂ ಜಾಸ್ತಿ ಹೊತ್ತು ಸುಟ್ಟೆ! ಮೂರನೆಯದಕ್ಕೂ ಅದೇ ಗತಿ. ಆಮೇಲೆ ಆಲ್ಕೋಹಾಲ್ ಹುಡುಕಿಕೊಂಡು ಬಂದು ಮೂರನ್ನೂ ಒಂದು ಲೋಟದಲ್ಲಿ ನೆನೆಹಾಕಿದೆ. ರಾತ್ರಿಯೆಲ್ಲ ನೆಂದವು, ಮಧ್ಯಾಹ್ನದವರೆಗೆ ಒಣಗಿದವು, ವಾಸನೆ ಇದ್ದಲ್ಲೇ ಇತ್ತು. ಇದೆಲ್ಲ ಬರೀ ಬೊಗಳೆ ಅಂತ ಸಾಧನವನ್ನು ಡ್ರಾಯರಿಗೆ ಎಸೆದೆ. ಅದಾದ ಮೇಲೆ ನಾಲ್ಕು ತಿಂಗಳು ಸಿಗರೇಟ್ ಸೇದಿದೆ. ಮೂರು ಕಾಯಿಲ್ ಹೋದದ್ದಕ್ಕೆ ನನಗೆ ಬೇಜಾರಿಲ್ಲ, ಆ ನಾಲ್ಕು ತಿಂಗಳು ಇನ್ನೂ ಉರಿಯುತ್ತದೆ.

ತಪ್ಪು ಎಲ್ಲಿ ಆಯಿತು ಅಂತ ಗೊತ್ತಾಗಿದ್ದು ಆಮೇಲೆ. ಡ್ರಾಯರ್ ಸ್ವಚ್ಛ ಮಾಡುವಾಗ ಸುಟ್ಟ ಕಾಯಿಲ್ ಒಂದು ಕೈಗೆ ಸಿಕ್ಕಿತು. ಕುತೂಹಲಕ್ಕೆ ಇಕ್ಕಳದಿಂದ ಅದರ ಲೋಹದ ಕವಚ ಸೀಳಿ ನೋಡಿದೆ. ಒಳಗೆ ಕಿರುಬೆರಳ ಉಗುರಿನಷ್ಟು ಹತ್ತಿ, ಅದರ ನಡುವೆ ಸ್ಪ್ರಿಂಗ್ ಹಾಗೆ ಸುತ್ತಿದ ತೆಳು ತಂತಿ. ಹತ್ತಿಯ ಹೊರಮೈ ಬೆಳ್ಳಗೆ ಇತ್ತು. ಬಿಡಿಸಿದಾಗ ತಂತಿಗೆ ತಾಗಿದ ಒಳಮೈಯಲ್ಲಿ ಕಂದು ಗೆರೆಗಳು, ತಂತಿಯ ಒಂದೊಂದು ಸುತ್ತಿಗೆ ಒಂದೊಂದು, ಬರೆ ಎಳೆದ ಹಾಗೆ. ಬೆರಳಲ್ಲಿ ಉಜ್ಜಿದರೆ ಅಲ್ಲಿ ಮಾತ್ರ ಪುಡಿಪುಡಿ.

ಅಂದರೆ ನಾನು ಸುಟ್ಟಿದ್ದು ಕಾರ್ಖಾನೆಯ ದ್ರವವನ್ನಲ್ಲ, ಬತ್ತಿಯನ್ನೇ. ಎಣ್ಣೆ ಹೀರದ ಬತ್ತಿಗೆ ಕಡ್ಡಿ ಗೀರಿದರೆ ದೀಪ ಉರಿಯುತ್ತದಾ? ಬತ್ತಿ ಉರಿಯುತ್ತದೆ. ಇದೂ ಅಷ್ಟೇ. ಹತ್ತಿ ಒದ್ದೆಯಾಗಿರುವವರೆಗೆ ತಂತಿಯ ಬಿಸಿಯೆಲ್ಲ ಲಿಕ್ವಿಡ್ ಆವಿಯಾಗುವುದಕ್ಕೆ ಖರ್ಚಾಗುತ್ತದೆ. ಲಿಕ್ವಿಡ್‌ನಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು ಸುಮಾರು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ಲಿಸರಿನ್ ಸುಮಾರು 290ರಲ್ಲಿ. ಲಿಕ್ವಿಡ್ ಇಲ್ಲದಿದ್ದರೆ ಆ ಬಿಸಿ ಹೋಗೋದಕ್ಕೆ ದಾರಿಯೇ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ತಂತಿ ಕೆಂಪಗಾಗುತ್ತದೆ, ಹತ್ತಿ ಸೀಯುತ್ತದೆ. ಒಮ್ಮೆ ಸೀದ ಹತ್ತಿಯನ್ನು ಯಾವ ಆಲ್ಕೋಹಾಲೂ ಬೆಳ್ಳಗೆ ಮಾಡಲ್ಲ. ಸೀದ ಅನ್ನಕ್ಕೆ ಎಷ್ಟು ನೀರು ಸುರಿದರೂ ಸೀಕಲು ಹೋಗದು, ಅಲ್ವಾ?

ಹಾಗಾದರೆ ಆ ಪುಣ್ಯಾತ್ಮರು ಸುಳ್ಳು ಬರೆದಿದ್ದರಾ? ಇಲ್ಲ. ನಾನು ಎಡವಿದ್ದು ಇಲ್ಲೇ, ನೀವೂ ಎಡವುತ್ತಿರುವುದು ಇಲ್ಲೇ ಅಂತ ನನ್ನ ಗುಮಾನಿ. ಅವರು ಬರೆದಿದ್ದು 2009–10ರ ಹೊತ್ತಿನ ಪುಟ್ಟ ಆಟೊಮೈಸರ್‌ಗಳ ಬಗ್ಗೆ. ಅವುಗಳಲ್ಲಿ ಇಂದಿನ ಹತ್ತಿ ಇರಲಿಲ್ಲ. ಲಿಕ್ವಿಡ್ ಹೀರಿಕೊಡೋಕೆ ಲೋಹದ ಜಾಲರಿ, ಒಳಗೆ ಗಾಜಿನ ನೂಲಿನಂಥ ಸಿಲಿಕಾ ಬತ್ತಿ. ಸಿಲಿಕಾ ಆ ಬಿಸಿಗೆಲ್ಲ ಜಗ್ಗುವುದಿಲ್ಲ. ಕಾರ್ಖಾನೆಯಿಂದ ಬರುವಾಗ ಒಳಗೆ ನಿಜಕ್ಕೂ ಸ್ವಲ್ಪ ದ್ರವ ಇರುತ್ತಿತ್ತು, ಅದರ ರುಚಿ ನಿಜಕ್ಕೂ ಹಾಳಾಗಿರುತ್ತಿತ್ತು. ಅದನ್ನು ಊದಿ ತೆಗೆಯುವುದು, ಸುಟ್ಟು ಓಡಿಸುವುದು, ಬಿಸಿನೀರಲ್ಲಿ ತೊಳೆಯುವುದು, ಕರಿ ಕಟ್ಟಿದರೆ ಒಣಗಿಸಿ ತಂತಿ ಕೆಂಪಗಾಗುವವರೆಗೆ ಬಟನ್ ಒತ್ತುವುದು, ಎಲ್ಲವೂ ಆ ಕಾಲಕ್ಕೆ ಸರಿ. ಆ ಸಾಮಾನು ಹೋಯಿತು, ಸಲಹೆ ಮಾತ್ರ ಉಳಿದುಕೊಂಡಿತು. ಬ್ಯಾಟರಿಗೂ ಟ್ಯಾಂಕಿಗೂ ನಡುವಿನ 510 ಅನ್ನೋ ತಿರುಪು ಅಂದೂ ಅದೇ, ಇಂದೂ ಅದೇ ಆಗಿರುವುದರಿಂದ ಗೊಂದಲ ಇನ್ನೂ ಜಾಸ್ತಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಅನಿಸುತ್ತದೆ. ನಾನು ಬರಹದ ಮೇಲಿದ್ದ ತಾರೀಖು ನೋಡಿದ್ದರೆ ಸಾಕಿತ್ತು. ಇಲ್ಲವೇ ಕಾಯಿಲನ್ನು ತಿರುಗಿಸಿ ಪಕ್ಕದ ತೂತುಗಳೊಳಗೆ ಬೆಳ್ಳಗೆ ಏನಿದೆ ಅಂತ ನೋಡಿದ್ದರೂ ಸಾಕಿತ್ತು. ಎರಡೂ ಮಾಡಲಿಲ್ಲ.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಪಳಗಿಸಲೇಬೇಡಿ. ನೆನೆಸಿ.

ಕಾಯಿಲಿನ ಪಕ್ಕದಲ್ಲಿ ಕಾಣುವ ಪ್ರತಿ ತೂತಿಗೂ ಒಂದೆರಡು ಹನಿ ಲಿಕ್ವಿಡ್ ಬಿಡಿ. ಮೇಲಿನ ಬಾಯಿಯಿಂದಲೂ ಒಳಗೆ ಎರಡು ಮೂರು ಹನಿ. ಒಣ ಹತ್ತಿ ಹನಿಯನ್ನು ಎಳೆದುಕೊಂಡು ಬಣ್ಣ ಬದಲಾಗುವುದು ಕಣ್ಣಿಗೇ ಕಾಣುತ್ತದೆ, ಸುಣ್ಣದ ಗೋಡೆ ನೀರು ಕುಡಿದ ಹಾಗೆ. ನಡುವಿನ ಕೊಳವೆ ತುಂಬಿ ತುಳುಕುವಷ್ಟು ಸುರಿಯಬೇಡಿ, ಗುಳುಗುಳು ಅನ್ನತೊಡಗುತ್ತದೆ, ಬಾಯಿಗೂ ಬರುತ್ತದೆ. ಕಾಯಿಲ್ ಕೂರಿಸಿ, ಟ್ಯಾಂಕ್ ತುಂಬಿ, ಬಟನ್ ಮುಟ್ಟದೆ ನಾಲ್ಕೈದು ಸಲ ಮೆಲ್ಲಗೆ ಎಳೆಯಿರಿ. ಟ್ಯಾಂಕಿನೊಳಗೆ ಸಣ್ಣ ಗುಳ್ಳೆಗಳು ಏಳುವುದು ಕಂಡರೆ ಬತ್ತಿ ಕುಡಿಯುತ್ತಿದೆ ಅಂತ ಲೆಕ್ಕ. ಆಮೇಲೆ ಅಲ್ಲಿಟ್ಟು ಎದ್ದು ಹೋಗಿ. ಹತ್ತು ನಿಮಿಷ. ಗ್ಲಿಸರಿನ್ ಜಾಸ್ತಿ ಇರುವ ಮಂದ ಲಿಕ್ವಿಡ್ ಆದರೆ ಹದಿನೈದು ನಿಮಿಷ. ನಾನಂತೂ ಆ ಹೊತ್ತಲ್ಲಿ ಸ್ನಾನಕ್ಕೆ ಹೋಗ್ತೀನಿ, ಎದುರಿಗೆ ಕೂತರೆ ಕೈ ಸುಮ್ನಿರಲ್ಲ.

ನಂತರ ಶುರು ಮಾಡುವಾಗ ಕಾಯಿಲಿನ ಮೈಮೇಲೆ ಬರೆದ ವ್ಯಾಟ್‌ಗಳಲ್ಲಿ ಅತಿ ಕಡಿಮೆಯದನ್ನು ಇಡಿ. 10ರಿಂದ 14 ಅಂತಿದ್ದರೆ 10. ಸಣ್ಣ ಸಣ್ಣ ದಮ್, ನಡುವೆ ಅರ್ಧ ನಿಮಿಷ ಬಿಡುವು. ಏಳೆಂಟು ದಮ್ ಆದ ಮೇಲೆ ಒಂದೊಂದೇ ವ್ಯಾಟ್ ಏರಿಸಿ. ಮೊದಲ ಟ್ಯಾಂಕಿನಲ್ಲಿ ರುಚಿ ಸ್ವಲ್ಪ ಮಂಕು, ಹೊಸ ಹತ್ತಿಯ ಒಂದು ಸಪ್ಪೆತನ ಇರುತ್ತದೆ. ಅದು ತಾನಾಗಿ ಹೋಗುತ್ತದೆ. ಪಳಗುವುದು ಅಂತ ಏನಾದರೂ ಇದ್ದರೆ ಅದಿಷ್ಟೇ, ನೀವು ಅದಕ್ಕಾಗಿ ಏನೂ ಮಾಡಬೇಕಿಲ್ಲ.

ಇನ್ನು ತೊಳೆಯೋ ವಿಷಯ. ನಿಮಗೆ ಇಷ್ಟವಾಗದ ಮಾತು ಹೇಳ್ತೀನಿ: ಹತ್ತಿ ಇರುವ ರೆಡಿಮೇಡ್ ಕಾಯಿಲನ್ನು ತೊಳೆಯುವುದು ದಂಡ. ಅದು ಸವೆದು ಹೋಗೋ ಸಾಮಾನು. ಬಳಸುವವರನ್ನು ನೋಡಿಕೊಂಡು ಒಂದು ವಾರವೋ ಎರಡು ವಾರವೋ ಬರುತ್ತದೆ, ಆಮೇಲೆ ಬಿಸಾಕುವುದು. ಬಿಸಿನೀರಲ್ಲಿ ತೊಳೆದು ಪೂರ್ತಿ ಒಂದು ದಿನ ಒಣಗಿಸಿದರೆ ಇನ್ನೆರಡು ದಿನ ಎಳೆಯಬಹುದು ಅಂತ ಹೇಳುವವರಿದ್ದಾರೆ. ನಾನೂ ಮಾಡಿ ನೋಡಿದ್ದೇನೆ. ಒಳಗೆ ನೀರು ಉಳಿದರೆ ಚಟಪಟ ಸಿಡಿದು ನಾಲಿಗೆ ಚುರ್ ಅನ್ನುತ್ತದೆ. ಒಣಗಿದರೂ ಹತ್ತಿ ಮುದುಡಿಕೊಂಡಿರುತ್ತದೆ, ಮೊದಲಿನ ಹಾಗೆ ಹೀರಲ್ಲ. ಆಲ್ಕೋಹಾಲಂತೂ ಬೇಡವೇ ಬೇಡ. ಹತ್ತಿಯಲ್ಲಿ ಆಲ್ಕೋಹಾಲ್ ಉಳಿದಿರುವಾಗ ತಂತಿ ಕೆಂಪಗಾದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಆವತ್ತು ನನಗೆ ಏನೂ ಆಗದಿದ್ದದ್ದು ನನ್ನ ಜಾಣತನದಿಂದಲ್ಲ.

ತಂತಿ ತಾವೇ ಸುತ್ತಿ ಹತ್ತಿ ತಾವೇ ತುರುಕುವ ಆಟೊಮೈಸರ್ ಇಟ್ಟುಕೊಂಡವರ ಕಥೆ ಬೇರೆ. ಅವರು ಹತ್ತಿ ಕಿತ್ತು ತೆಗೆದು, ಬರೀ ತಂತಿಯನ್ನು ಕಡಿಮೆ ವ್ಯಾಟಿನಲ್ಲಿ ಬಿಟ್ಟು ಬಿಟ್ಟು ಕೆಂಪಗೆ ಮಾಡಿ ಕರಿ ಉದುರಿಸುತ್ತಾರೆ. ಕಾಂತಲ್ ತಂತಿಗೆ ಅದು ನಡೆಯುತ್ತದೆ. ನಿಕ್ಕಲ್, ಟೈಟಾನಿಯಂ ತಂತಿಗಳನ್ನು ಹಾಗೆ ಸುಡಲೇಬಾರದು. ನೀವು ಹೊಸಬರು, ಈ ಪ್ಯಾರಾ ಮರೆತುಬಿಡಿ.

ನೀವು ತೊಳೆಯಬೇಕಾದದ್ದು ಉಳಿದ ಭಾಗ. ಅದನ್ನೇ ಯಾರೂ ತೊಳೆಯಲ್ಲ. ಕಾಯಿಲ್ ಬದಲಿಸುವಾಗಲೆಲ್ಲ ಟ್ಯಾಂಕ್ ಪೂರ್ತಿ ಬಿಚ್ಚಿ. ಗಾಜು, ಲೋಹದ ಭಾಗ, ಬಾಯಿಗಿಡುವ ತುದಿ ಎಲ್ಲ ಬೆಚ್ಚನೆ ನೀರಲ್ಲಿ ಹಾಕಿ ಬೆರಳಲ್ಲಿ ಉಜ್ಜಿ. ರಬ್ಬರ್ ರಿಂಗ್‌ಗಳನ್ನು ಎಣಿಸಿಕೊಂಡು ಒಂದು ತಟ್ಟೆಯಲ್ಲಿಡಿ. ನನ್ನದೊಂದು ಸಿಂಕಿನ ತೂತಲ್ಲಿ ಹೋಗಿ, ಟ್ಯಾಂಕ್ ವಾರಗಟ್ಟಲೆ ಜೇಬಿನಲ್ಲಿ ಸೋರಿತ್ತು. ಟ್ಯಾಂಕ್ ಪ್ಲಾಸ್ಟಿಕ್ಕಿನದಾದರೆ ಅದಕ್ಕೂ ಆಲ್ಕೋಹಾಲ್ ಬೇಡ, ಬಿರುಕು ಬಿಡಬಹುದು. ದಾಲ್ಚಿನ್ನಿ, ನಿಂಬೆ ಜಾತಿಯ ಫ್ಲೇವರ್‌ಗಳೂ ಕೆಲವು ಪ್ಲಾಸ್ಟಿಕ್‌ಗಳನ್ನು ಸೀಳುತ್ತವೆ. ಬ್ಯಾಟರಿಗೆ ನೀರು ತೋರಿಸಬೇಡಿ. ಅದರ ತಲೆಯ ಮೇಲಿನ ತಿರುಪಿನ ಗುಳಿಯಲ್ಲಿ ಜಿಗುಟು ಸೇರಿರುತ್ತದೆ, ಒಣ ಇಯರ್‌ಬಡ್‌ನಿಂದ ಒರೆಸಿ. ಸಾಧನ ಕಾಯಿಲನ್ನು ಗುರುತಿಸುತ್ತಿಲ್ಲ ಅಂತ ಗೋಳಾಡುವವರಲ್ಲಿ ಎಷ್ಟೋ ಜನರ ರೋಗ ಆ ಗುಳಿಯಲ್ಲಿರುತ್ತದೆ. ನಿಕೋಟಿನ್ ಇರುವ ಲಿಕ್ವಿಡ್ ಕೈಗೆ ಚೆಲ್ಲಿದರೆ ತಕ್ಷಣ ತೊಳೆದುಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಬಾಟಲಿಯನ್ನು ಬೀಗದೊಳಗಿಡಿ, ಒಂದು ಗುಟುಕೂ ಅವರಿಗೆ ವಿಷ.

ಕಾಯಿಲ್ ಬೇಗ ಕರಿಯಾಗುತ್ತಿದೆ ಅಂದರೆ ತೊಳೆಯುವುದನ್ನು ಬಿಟ್ಟು ಲಿಕ್ವಿಡ್ ಕಡೆ ನೋಡಿ. ಸಿಹಿಗೆ ಹಾಕುವ ಸುಕ್ರಲೋಸ್ ಸರಿಯಾಗಿ ಆವಿಯಾಗಿ ಹೋಗಲ್ಲ, ತಂತಿಯ ಮೇಲೇ ಕೂತು ಪಾಕ ಸೀದ ಹಾಗೆ ಗಟ್ಟಿ ಹಿಡಿಯುತ್ತದೆ. ಮಿಠಾಯಿ, ಚಾಕೊಲೇಟ್, ಕಾಫಿ ಅಂತ ಹೆಸರಿರುವ ಗಾಢ ಬಣ್ಣದವು ಈ ವಿಷಯದಲ್ಲಿ ಬಲು ಕೆಟ್ಟವು. ನಾನು ಸಿಹಿ ಇಲ್ಲದ್ದಕ್ಕೆ ಬದಲಾದ ಮೇಲೆ ನಾಲ್ಕು ದಿನ ಬರುತ್ತಿದ್ದ ಕಾಯಿಲ್ ಹದಿನೈದು ದಿನ ಬರತೊಡಗಿತು.

ಸೀದ ರುಚಿಯಲ್ಲೇ ಹೇಗೋ ಹೊಂದಿಕೊಂಡು ಎಳೆಯುತ್ತೇನೆ ಅಂತ ಮಾತ್ರ ಹಟ ಮಾಡಬೇಡಿ. ಒಣ ಹತ್ತಿಯ ಮೇಲೆ ಅತಿಯಾಗಿ ಕಾದ ಲಿಕ್ವಿಡ್‌ನಿಂದ ಫಾರ್ಮಾಲ್ಡಿಹೈಡ್, ಆಕ್ರೋಲೀನ್‌ನಂಥವು ಹೊರಡುತ್ತವೆ. ಗಂಟಲು ಬೇಡ ಅಂದರೆ ಅದರ ಮಾತು ಕೇಳಿ.

ನೀವು ಸಿಗರೇಟ್ ಸೇದುವವರೋ ಅಲ್ಲವೋ ಅಂತ ಪ್ರಶ್ನೆಯಲ್ಲಿ ಹೇಳಿಲ್ಲ. ಸೇದದವರಾದರೆ ಇದರ ಸಹವಾಸವೇ ಬೇಡ, ಮೇಲೆ ಬರೆದದ್ದೆಲ್ಲ ನಿಮಗಲ್ಲ. ನಿಕೋಟಿನ್ ಹಿಡಿದರೆ ಬಿಡಲ್ಲ, ಅದು ನನಗೆ ಗೊತ್ತು. ಭಾರತವೂ ಸೇರಿ ಕೆಲವು ದೇಶಗಳಲ್ಲಿ ಇದರ ಮಾರಾಟಕ್ಕೇ ನಿಷೇಧ ಇದೆ, ನೀವಿರುವ ಕಡೆಯ ಕಾನೂನು ಏನು ಅಂತಲೂ ನೋಡಿಕೊಳ್ಳಿ.

ಕೊನೆಗೆ, ಈಗ ನಿಮ್ಮ ಕೈಯಲ್ಲಿರುವ ಕಾಯಿಲ್. ಎರಡು ದಿನದಿಂದ ಸೀದ ರುಚಿ ಅಂದಿದ್ದೀರಿ, ಅದು ಸತ್ತಿದೆ, ಬಿಸಾಕಿ. ಹೊಸದನ್ನು ನೆನೆಸಿ ಹತ್ತು ನಿಮಿಷ ಇಟ್ಟರೂ ಮೊದಲ ದಿನವೇ ಹಾಗಾದರೆ ತಪ್ಪು ನಿಮ್ಮದಲ್ಲ, ವ್ಯಾಟಿನದ್ದಿರಬಹುದು. ನಿಮ್ಮ ಸಾಧನದಲ್ಲಿ ವ್ಯಾಟ್ ಬದಲಿಸೋ ಸೌಲಭ್ಯವೇ ಇಲ್ಲದಿದ್ದರೆ ಹೀಗೆ ಲೆಕ್ಕ ಹಾಕಿ: ಪೂರ್ತಿ ಚಾರ್ಜ್ ಆದ ಬ್ಯಾಟರಿ 4.2 ವೋಲ್ಟ್. 4.2ನ್ನು 4.2ರಿಂದ ಗುಣಿಸಿ, ಕಾಯಿಲಿನ ಓಮ್‌ನಿಂದ (ತಂತಿಯ ವಿದ್ಯುತ್ ನಿರೋಧದ ಅಳತೆ) ಭಾಗಿಸಿ, ಬಂದದ್ದೇ ವ್ಯಾಟ್. ನೇರವಾಗಿ ಬ್ಯಾಟರಿಯಿಂದಲೇ ಓಡುವ ಸಾಧನದಲ್ಲಿ 1.2 ಓಮ್ ಕಾಯಿಲಿಗೆ ಹೆಚ್ಚೆಂದರೆ 14.7 ವ್ಯಾಟ್ ಸಿಗುತ್ತದೆ, 0.5 ಓಮ್‌ಗೆ 35ರ ಹತ್ತಿರ. ಕಾಯಿಲಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ ನೋಡಿ ಕೆಳಗೆ ಹಾಕಿ, ಯಾವ ಲಿಕ್ವಿಡ್ ಅಂತಲೂ ಹೇಳಿ. ಸಂಜೆ ಬಂದು ನೋಡ್ತೀನಿ.