ಮಕ್ಕಳ ಆಸ್ಪತ್ರೆಯಲ್ಲಿ ಸೈಕಾಲಜಿ ಟ್ರೇನಿಂಗ್: ಬಳ್ಳಾರಿಯಿಂದ ಹೊರಟ ತಂಗಿಗೆ

ತಂಗೀ, ನಿನ್ನ ಪ್ರಶ್ನೆ ಓದಿದೆ. ಎಂ.ಎಸ್ಸಿ ಸೈಕಾಲಜಿ ಮುಗಿಸಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಎರಡು ವರ್ಷ ಮಕ್ಕಳಿಗೆ ಕೌನ್ಸೆಲಿಂಗ್ ಮಾಡಿದ್ದೀಯ, ಈಗ ಅಮೆರಿಕದಲ್ಲಿ ಡಾಕ್ಟರೇಟ್ ಸೀಟು ಸಿಕ್ಕಿದೆ, ಆಗಸ್ಟಿನಲ್ಲಿ ಹೊರಡ್ತೀಯ. ಆ ಎರಡು ವರ್ಷ ಇಲ್ಲಿ ಅಮೆರಿಕದಲ್ಲಿ ಲೆಕ್ಕಕ್ಕೆ ಬರುತ್ತಾ, ಇಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ನಿಜವಾಗಿ ಏನು ಕಲಿಸ್ತಾರೆ ಅಂತ ನೀನು ಕೇಳಿದ್ದೀಯ, ಸಂಬಳ ಯಾವಾಗ ಶುರು ಅಂತ ನಿಮ್ಮಮ್ಮ ಕೇಳ್ತಿದ್ದಾರೆ. ಒಂದೊಂದಾಗಿ ಹೇಳ್ತೀನಿ.

ಗಂಟೆಗಳ ಲೆಕ್ಕಕ್ಕೆ ಬರೋದಿಲ್ಲ. ಇಂಟರ್ನ್‌ಶಿಪ್ ಅರ್ಜಿಯಲ್ಲಿ ತುಂಬುವ ಪ್ರಾಕ್ಟಿಕಂ (ಓದಿನ ಜೊತೆಗೇ ಮಾಡುವ ತರಬೇತಿ ಕೆಲಸ) ಗಂಟೆಗಳು ನಿನ್ನ ಡಾಕ್ಟರೇಟ್ ವಿಭಾಗ ಒಪ್ಪಿಗೆ ಕೊಟ್ಟ, ಸೂಪರ್‌ವಿಷನ್ (ಹಿರಿಯರ ಮೇಲ್ವಿಚಾರಣೆ) ಇದ್ದ ಗಂಟೆಗಳೇ ಆಗಿರಬೇಕು. ಹಾಗಂತ ಆ ಎರಡು ವರ್ಷ ನೀರುಪಾಲಾಗಲಿಲ್ಲ. ಒಪಿಡಿ ಬಾಗಿಲಲ್ಲಿ ಸಾಲು ನಿಂತಿರುವಾಗ ಹದಿನೈದು ನಿಮಿಷದಲ್ಲಿ ಮಗುವಿನ ತೊಂದರೆ ಯಾವುದು, ಮನೆಯವರ ಭಯ ಯಾವುದು ಅಂತ ಬೇರ್ಪಡಿಸುವುದನ್ನು ನೀನು ಕಲಿತಿದ್ದೀಯ. ಆಸ್ಪತ್ರೆ ವಾರ್ಡಿನ ಕೆಲಸಕ್ಕೆ ಅದೇ ಬೇಕು. ಅರ್ಜಿಯ ಪ್ರಬಂಧದಲ್ಲಿ ಅದನ್ನು ಬರೆ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ತೋರಿಸಿದ ಮಾದರಿಯೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ. ನೀನು ಬಂದ ಊರಿಗೆ ಈ ವಿಷಯದಲ್ಲಿ ಹೆಸರಿದೆ, ಅದನ್ನು ಹೇಳಿಕೊಳ್ಳೋಕೆ ಸಂಕೋಚ ಬೇಡ.

ಫೀಸು ಕಟ್ಟುವ ಮುಂಚೆ ಒಂದು ಕೆಲಸ ಮಾಡು. ನಿನ್ನ ಕೋರ್ಸಿಗೆ ಎಪಿಎ, ಅಂದರೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಮಾನ್ಯತೆ ಇದೆಯಾ ಅಂತ ಅವರದೇ ಪಟ್ಟಿಯಲ್ಲಿ ನೋಡು. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇರೋದು ಬೇರೆ, ಆ ಕೋರ್ಸಿಗೆ ಇರೋದು ಬೇರೆ. ಮಕ್ಕಳ ದೊಡ್ಡ ಆಸ್ಪತ್ರೆಗಳು ಸಾಮಾನ್ಯವಾಗಿ ಮಾನ್ಯತೆ ಇರುವ ಕೋರ್ಸಿನವರ ಅರ್ಜಿಯನ್ನೇ ಪರಿಗಣಿಸೋದು.

ದಾರಿ ಹೀಗಿದೆ: ನಾಲ್ಕೈದು ವರ್ಷದ ಓದು, ಅದರ ಜೊತೆಗೇ ವಾರಕ್ಕೆ ಒಂದೆರಡು ದಿನ ಪ್ರಾಕ್ಟಿಕಂ. ಆಮೇಲೆ ಒಂದು ವರ್ಷದ ಇಂಟರ್ನ್‌ಶಿಪ್, ಸಾಮಾನ್ಯವಾಗಿ 2000 ಗಂಟೆ. ಪದವಿ ಬಂದ ಮೇಲೆ ಆಸ್ಪತ್ರೆಯಲ್ಲೇ ಉಳಿಯಬೇಕಂದ್ರೆ ಒಂದೆರಡು ವರ್ಷ ಪೋಸ್ಟ್‌ಡಾಕ್, ಅಂದರೆ ಪದವಿಯ ನಂತರದ ತರಬೇತಿ, ಲೈಸೆನ್ಸಿಗೆ ಬೇಕಾದ ಇಪಿಪಿಪಿ ಪರೀಕ್ಷೆ (225 ಪ್ರಶ್ನೆ, ಅಂಕಕ್ಕೆ ಬರೋದು 175), ಕೊನೆಗೆ ಆಯಾ ರಾಜ್ಯದ ಲೈಸೆನ್ಸ್.

ಇಂಟರ್ನ್‌ಶಿಪ್ ಹಂಚಿಕೆ ಎಪಿಪಿಐಸಿ (ಸೈಕಾಲಜಿ ಇಂಟರ್ನ್‌ಶಿಪ್ ಕೇಂದ್ರಗಳ ಸಂಘ) ನಡೆಸುವ ಮ್ಯಾಚ್, ಅಂದರೆ ಎರಡೂ ಕಡೆಯ ಆಯ್ಕೆ ಹೊಂದಿಸುವ ವ್ಯವಸ್ಥೆಯ ಮೂಲಕ. ನವೆಂಬರ್ ಆಸುಪಾಸು ಅರ್ಜಿ, ಡಿಸೆಂಬರ್-ಜನವರಿಯಲ್ಲಿ ಸಂದರ್ಶನ, ಆಮೇಲೆ ನೀನೂ ಆಸ್ಪತ್ರೆಗಳೂ ಕ್ರಮಪಟ್ಟಿ ಕೊಡಬೇಕು, ಫೆಬ್ರವರಿಯಲ್ಲಿ ಫಲಿತಾಂಶ. ತಪ್ಪಿದರೆ ಮಾರ್ಚಿನಲ್ಲಿ ಎರಡನೇ ಸುತ್ತು. ಮ್ಯಾಚ್ ಆದ ಜಾಗಕ್ಕೆ ಹೋಗಲೇಬೇಕು, ಹಾಗಾಗಿ ಹೋಗಲಾರದ ಊರನ್ನು ಪಟ್ಟಿಗೆ ಸೇರಿಸಬೇಡ. ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳಿಗೆ ಅಮೆರಿಕದ ಪೌರತ್ವ ಬೇಕು, ಅವುಗಳ ಮೇಲೆ ಸಮಯ ಹಾಕಬೇಡ. ಗಂಟೆಗಳನ್ನು ವಾರವಾರ ಬರೆದಿಡು: ಮಗುವಿನ ವಯಸ್ಸಿನ ಗುಂಪು, ನೇರ ಚಿಕಿತ್ಸೆಯೋ ಅಸೆಸ್‌ಮೆಂಟೋ, ಯಾವ ಟೆಸ್ಟ್ ಮಾಡಿ ಸ್ಕೋರ್ ಹಾಕಿದೆ, ಪೂರ್ತಿ ರಿಪೋರ್ಟ್ ಎಷ್ಟು. ಮೂರು ವರ್ಷದ್ದನ್ನು ಕೊನೆಗೆ ಕೂತು ನೆನಪು ಮಾಡಿಕೊಂಡು ತುಂಬಿದವರ ಲೆಕ್ಕ, ಸಹಿ ಹಾಕುವ ವಿಭಾಗದವರ ಲೆಕ್ಕಕ್ಕೆ ತಾಳೆಯಾಗೋದಿಲ್ಲ.

ನಮ್ಮ ಕಡೆಯ ಹುಡುಗರು ಸಿಕ್ಕಿಬೀಳುವ ಜಾಗ ವೀಸಾ. ಎಫ್-1, ಅಂದರೆ ವಿದ್ಯಾರ್ಥಿ ವೀಸಾ ಮೇಲೆ ಇರುವವರು ಇಂಟರ್ನ್‌ಶಿಪ್ ಮಾಡೋದು ಸಾಮಾನ್ಯವಾಗಿ ಸಿಪಿಟಿ (ಕೋರ್ಸಿನ ಭಾಗವಾದ ಕೆಲಸಕ್ಕೆ ಕೊಡುವ) ಅನುಮತಿಯಲ್ಲಿ. ಪೂರ್ಣಾವಧಿ ಸಿಪಿಟಿ 12 ತಿಂಗಳು ತುಂಬಿದರೆ ಅದೇ ಪದವಿ ಮಟ್ಟದ ಒಪಿಟಿ (ಓದು ಮುಗಿದ ಮೇಲೆ ಅದೇ ವೀಸಾದಲ್ಲಿ ಕೆಲಸ ಮಾಡುವ ಅನುಮತಿ) ಹೋಯ್ತು. ಇಂಟರ್ನ್‌ಶಿಪ್ ಇರೋದೇ 12 ತಿಂಗಳು! ಒಪಿಟಿ ಹೋದರೆ ಪೋಸ್ಟ್‌ಡಾಕ್ ಮಾಡೋಕೆ ಬೇರೆ ವೀಸಾ ಹುಡುಕಬೇಕಾಗುತ್ತೆ, ಎಲ್ಲಾ ಆಸ್ಪತ್ರೆಗಳೂ ಅದನ್ನು ಕೊಡಿಸೋದಿಲ್ಲ. ಮ್ಯಾಚ್ ಅರ್ಜಿ ಹಾಕುವ ಮೊದಲೇ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿ ಕಚೇರಿಯವರ ಹತ್ತಿರ ಕೂತು ಶುರುವಿನ ತಾರೀಖು, ಮುಗಿಯುವ ತಾರೀಖು ಎರಡನ್ನೂ ಗೊತ್ತು ಮಾಡಿಕೊ. ಮೊದಲು ಮಾಡಿದ ಪ್ರಾಕ್ಟಿಕಂಗೆ ಪೂರ್ಣಾವಧಿ ಸಿಪಿಟಿ ತಗೊಂಡಿದ್ದರೆ ಅದೂ ಸೇರುತ್ತೆ, ಮರೀಬೇಡ.

ಇನ್ನು ಆಸ್ಪತ್ರೆಯ ಕೆಲಸ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಎಷ್ಟು ಮಕ್ಕಳನ್ನು ನೋಡಿದೆ ಅನ್ನೋದಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೆಯಾ ಅನ್ನೋದರ ಮೇಲೆ ಇಲ್ಲಿ ಟ್ರೇನಿಯ ಬೆಲೆ. ವಾರ್ಡಿನಿಂದ ಕನ್ಸಲ್ಟ್, ಅಂದರೆ ಈ ಮಗುವನ್ನು ನೋಡಿ ಅನ್ನುವ ಡಾಕ್ಟರ ಕೋರಿಕೆ ಬರುತ್ತೆ. ಒಂಬತ್ತು ವರ್ಷದ ಹುಡುಗ, ಮಾತ್ರೆ ತಗೊಳ್ಳಲ್ಲ, ನೋಡಿ ಅಂತ ಒಂದೇ ಸಾಲು. ಸೀದಾ ಹುಡುಗನ ಹತ್ತಿರ ಓಡಬೇಡ. ಬರೆದ ಡಾಕ್ಟರಿಗೆ ಫೋನ್ ಮಾಡು. ಯಾವ ಮಾತ್ರೆ, ಎಷ್ಟು ದೊಡ್ಡದು, ಎಂದಿನಿಂದ ಬೇಡ ಅಂತಿದ್ದಾನೆ, ನುಂಗೋಕೇ ತೊಂದರೆ ಇಲ್ಲ ಅಂತ ನೋಡಿದ್ದಾರಾ, ಈಗ ಬಾಯಿಗೆ ಏನಾದರೂ ಕೊಡಬಹುದಾ, ನೀರಿಗೆ ಮಿತಿ ಇದೆಯಾ, ಸಕ್ಕರೆ ಕೊಡಬಹುದಾ. ಫಾರ್ಮಸಿಯವರನ್ನು ಕೇಳು, ಆ ಔಷಧಿ ದ್ರವ ರೂಪದಲ್ಲಿ ಸಿಗುತ್ತಾ ಅಂತ. ಸಿಗುವುದಾದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ನರ್ಸ್‌ನ ಕೇಳು, ಯಾವ ಹೊತ್ತಿನ ಮಾತ್ರೆಗೆ ಹೆಚ್ಚು ಹಟ ಅಂತ. ಆಮೇಲೆ ಹುಡುಗ.

ಮಾತ್ರೆ ನುಂಗುವುದನ್ನು ಕಲಿಸೋಕೆ ಒಂದು ಕ್ರಮವಿದೆ. ಕೇಕ್ ಮೇಲೆ ಉದುರಿಸುವ ಸಕ್ಕರೆ ಕಾಳಿನಿಂದ ಶುರು, ಆಮೇಲೆ ಸ್ವಲ್ಪ ದೊಡ್ಡದು, ಟಿಕ್‌ಟ್ಯಾಕ್ ಪೆಪ್ಪರ್‌ಮಿಂಟ್ ಗಾತ್ರ, ಕೊನೆಗೆ ಅವನ ಮಾತ್ರೆಯ ಗಾತ್ರ. ನೆಟ್ಟಗೆ ಕೂರಿಸು, ನಾಲಿಗೆ ಮೇಲೆ ಹಿಂದಕ್ಕೆ ಇಡಲಿ, ಒಂದು ದೊಡ್ಡ ಗುಟುಕು ನೀರು. ಮೊದಲು ನೀನೇ ನುಂಗಿ ತೋರಿಸು. ಒಂದು ಗಾತ್ರವನ್ನು ನಾಲ್ಕೈದು ಸಲ ಸಲೀಸಾಗಿ ನುಂಗಿದ ಮೇಲೇ ಮುಂದಿನದು. ಎರಡು ಸಲ ತಪ್ಪಿದರೆ ಹಿಂದಿನ ಗಾತ್ರಕ್ಕೆ ಬಾ, ಅಲ್ಲಿ ಗೆದ್ದಾಗ ನಿಲ್ಲಿಸು. ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಕೆಡೋದು ಎಲ್ಲಿ? ಅವಸರಕ್ಕೆ ಎರಡು ಗಾತ್ರ ಹಾರಿಸಿದಾಗ, ಇಲ್ಲಾ ಮೊದಲ ದಿನವೇ ನಿಜವಾದ ಮಾತ್ರೆ ಕೊಟ್ಟು ಅದು ನಾಲಿಗೆ ಮೇಲೆ ಕರಗಿ ಕಹಿಯಾದಾಗ. ಅಪ್ಪ-ಅಮ್ಮ ಪಕ್ಕದಲ್ಲಿ ನಿಂತು ಬೇಡಿಕೊಳ್ಳತೊಡಗಿದರೂ ಕೆಡುತ್ತೆ. ಅವರಿಗೆ ಒಂದೇ ಕೆಲಸ ಕೊಡು: ನುಂಗಿದಾಗ ಹೊಗಳೋದು, ನುಂಗದಿದ್ದಾಗ ಸುಮ್ಮನಿರೋದು.

ನೋಟ್ ಅದೇ ದಿನ ಬರೆಯಬೇಕು. ಹುಡುಗನಿಗೆ ಆತಂಕ ಇದೆ ಅಂತಷ್ಟೇ ಬರೆದರೆ ಯಾರಿಗೂ ಉಪಯೋಗ ಇಲ್ಲ. ಇವತ್ತು ಯಾವ ಗಾತ್ರದವರೆಗೆ ನುಂಗಿದ, ರಾತ್ರಿ ಪಾಳಿಯ ನರ್ಸ್ ಯಾವುದರಿಂದ ಮುಂದುವರಿಸಬೇಕು, ಯಾವಾಗ ನಿನ್ನನ್ನು ಮತ್ತೆ ಕರೆಯಬೇಕು, ಇದು ಬೇಕು. ಇನ್ನೊಂದು ವಿಷಯ: 2021ರ ಏಪ್ರಿಲ್‌ನಲ್ಲಿ ಜಾರಿಯಾದ ನಿಯಮದಿಂದಾಗಿ ಮನೆಯವರು ಬಹುತೇಕ ನೋಟ್‌ಗಳನ್ನು ಆಗಿಂದಾಗ್ಗೆ ಫೋನಿನಲ್ಲೇ ಓದಬಹುದು. ‘ತಾಯಿ ಸಹಕರಿಸುತ್ತಿಲ್ಲ’ ಅಂತ ಬರೆಯುವ ಕಡೆ ‘ತಾಯಿಗೆ ಸಂಜೆ ಪಾಳಿ ಕೆಲಸ, ಏಳು ಗಂಟೆಯ ಡೋಸ್ ತಪ್ಪುತ್ತಿದೆ’ ಅಂತ ಬರೆ. ಎರಡನೆಯದು ನಿಜವೂ ಹೌದು, ಅದಕ್ಕೆ ಪರಿಹಾರವೂ ಹುಡುಕಬಹುದು.

ಟೆಸ್ಟಿಂಗ್‌ನಲ್ಲಿ ಭಾರತದಿಂದ ಬಂದವರು ಎಡವುವ ಜಾಗ ಹುಟ್ಟಿದ ತಾರೀಖು. ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. 05/03 ಅಂದರೆ ಮೇ 3. ನೀನು ಮಾರ್ಚ್ 5 ಅಂತ ಓದಿದರೆ ಮಗುವಿನ ವಯಸ್ಸು ಎರಡು ತಿಂಗಳು ಹೆಚ್ಚಾಯ್ತು. ಮಕ್ಕಳ ಬುದ್ಧಿಶಕ್ತಿ ಅಳೆಯುವ ವಿಸ್ಕ್-5 ಟೆಸ್ಟಿನಲ್ಲಿ ನಾರ್ಮ್ಸ್ (ಅದೇ ವಯಸ್ಸಿನ ಮಕ್ಕಳ ಅಂಕಕ್ಕೆ ಹೋಲಿಸುವ) ಕೋಷ್ಟಕಗಳು ವಯಸ್ಸಿನ ನಾಲ್ಕು ತಿಂಗಳಿಗೊಂದು, ಕೋಷ್ಟಕವೇ ಬದಲಾದರೆ ಇಡೀ ರಿಪೋರ್ಟ್ ತಪ್ಪು. ತಿಂಗಳನ್ನು ಯಾವಾಗಲೂ ಅಕ್ಷರದಲ್ಲಿ ಬರೆಯುವ ರೂಢಿ ಮಾಡಿಕೊ.

ಕನ್ನಡ, ತೆಲುಗು, ಉರ್ದು ಬರುತ್ತೆ ಅಂದಿದ್ದೀಯ, ಒಳ್ಳೇದು. ಆದರೆ ಹಲವು ಆಸ್ಪತ್ರೆಗಳು ಭಾಷಾ ಪರೀಕ್ಷೆ ಪಾಸಾಗದ ಸಿಬ್ಬಂದಿಗೆ ಬೇರೆ ಭಾಷೆಯಲ್ಲಿ ಚಿಕಿತ್ಸೆ ನಡೆಸೋಕೆ ಬಿಡೋದಿಲ್ಲ. ಕ್ಷೇಮ ಸಮಾಚಾರ ಮಾತಾಡು, ಚಿಕಿತ್ಸೆಯ ಮಾತಿಗೆ ದುಭಾಷಿಯನ್ನು ಕರೆ. ಮಗುವಿನ ಅಕ್ಕನನ್ನೋ ಅಣ್ಣನನ್ನೋ ದುಭಾಷಿ ಮಾಡಲೇಬೇಡ.

ಎರಡು ಸಂದರ್ಭದಲ್ಲಿ ಕಾಯುವ ಹಾಗಿಲ್ಲ. ಮಗು ಸಾಯುವ ಮಾತಾಡಿದರೆ, ಇಲ್ಲಾ ಆತ್ಮಹತ್ಯೆಯ ಸ್ಕ್ರೀನಿಂಗ್ ಪ್ರಶ್ನೆಗಳಿಗೆ ಹೌದು ಅಂದರೆ, ಮಗುವನ್ನು ಒಂಟಿ ಬಿಡದೆ ಅಲ್ಲಿಂದಲೇ ಸೂಪರ್‌ವೈಸರ್‌ಗೆ ಫೋನ್. ಅವರ ಜೊತೆ ಮಾತಾಡದೆ ಆ ಮಹಡಿ ಬಿಟ್ಟು ಇಳೀಬೇಡ. ಮಗುವಿಗೆ ಯಾರೋ ಹಿಂಸೆ ಕೊಡುತ್ತಿರುವ ಗುಮಾನಿ ಬಂದರೆ ವರದಿ ಮಾಡಲೇಬೇಕು. ಕಾನೂನಿಗೆ ಸಕಾರಣ ಅನುಮಾನ ಸಾಕು, ಪುರಾವೆ ಹುಡುಕೋದು ನಿನ್ನ ಕೆಲಸವಲ್ಲ. ನಮ್ಮಲ್ಲಿ 2012ರ ಪೋಕ್ಸೊ ಕಾಯ್ದೆಯಲ್ಲೂ ಲೈಂಗಿಕ ಅಪರಾಧದ ಗುಮಾನಿ ಇದ್ದರೆ ತಿಳಿಸುವ ಹೊಣೆ ಇದೆ, ಹಾಗಾಗಿ ನಿನಗಿದು ಹೊಸದಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ಮೊದಲ ವಾರವೇ ಓದಿಕೊ.

ಸೂಪರ್‌ವಿಷನ್ ವಾರಕ್ಕೆ ಕನಿಷ್ಠ 4 ಗಂಟೆ, ಅದರಲ್ಲಿ 2 ಗಂಟೆ ಒಬ್ಬರಿಗೊಬ್ಬರು ಎದುರು ಕೂತು. ಇದು ಮಾನ್ಯತೆ ಇರುವ ಇಂಟರ್ನ್‌ಶಿಪ್‌ನ ನಿಯಮ, ಅವರು ಮಾಡುವ ಉಪಕಾರವಲ್ಲ; ತಪ್ಪಿದ ಗಂಟೆಯನ್ನು ಕೇಳಿ ಪಡೆ. ಹಿರಿಯರ ಮುಂದೆ ಹೂಂ ಮೇಡಂ ಅಂತ ತಲೆ ಆಡಿಸುವುದು ನಮಗೆ ರೂಢಿ. ಇಲ್ಲಿ ಅದನ್ನು ಮರ್ಯಾದೆ ಅಂತ ಓದೋದಿಲ್ಲ, ಸ್ವಂತ ಯೋಚನೆ ಇಲ್ಲ ಅಂತ ಓದ್ತಾರೆ. ಪ್ರತಿ ಕೇಸಿಗೂ ನನಗೆ ಹೀಗನ್ನಿಸುತ್ತೆ, ಈ ಕಾರಣಕ್ಕೆ, ಇಲ್ಲಿ ಗೊಂದಲ ಇದೆ ಅಂತ ಮೂರು ಮಾತು ತಯಾರು ಮಾಡಿಕೊಂಡು ಹೋಗು.

ಬಳ್ಳಾರಿ ಬಿಡುವ ಮುಂಚೆ ಕಾಗದ ಒಟ್ಟು ಮಾಡು. ಎಂಎಂಆರ್, ಚಿಕನ್‌ಪಾಕ್ಸ್, ಹೆಪಟೈಟಿಸ್-ಬಿ ಲಸಿಕೆಗಳ ದಾಖಲೆ ತಾರೀಖಿನ ಸಮೇತ. ಹಳೇ ಕಾರ್ಡ್ ಕಳೆದಿದ್ದರೆ ರಕ್ತಪರೀಕ್ಷೆ ಮಾಡಿಸಿ ಆಂಟಿಬಾಡಿ ರಿಪೋರ್ಟ್ ತಗೊ. ನಮಗೆಲ್ಲ ಹುಟ್ಟಿದಾಗ ಬಿಸಿಜಿ ಹಾಕಿರುವುದರಿಂದ ಕ್ಷಯದ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸಬಹುದು, ಆಸ್ಪತ್ರೆಯಲ್ಲಿ ಕ್ವಾಂಟಿಫೆರಾನ್‌ನಂಥ ರಕ್ತದ ಪರೀಕ್ಷೆಯನ್ನೇ ಕೇಳು. ನೀನು ಕೆಲಸ ಮಾಡಿದ ಕಡೆಯಿಂದ ತಾರೀಖು, ವಾರದ ಗಂಟೆ, ಮಕ್ಕಳ ವಯಸ್ಸು ಇರುವ ಪತ್ರ. ಪಾಸ್‌ಪೋರ್ಟ್ ಸೇವೆಯಿಂದ ಪೊಲೀಸ್ ಕ್ಲಿಯರೆನ್ಸ್.

ಅಮ್ಮನಿಗೆ ಹೀಗೆ ಹೇಳು: ಓದುವಾಗ ಅಸಿಸ್ಟೆಂಟ್‌ಶಿಪ್ (ವಿಭಾಗದಲ್ಲಿ ಪಾಠ, ಸಂಶೋಧನೆಗೆ ನೆರವಾಗುವ ಕೆಲಸ) ಸಿಕ್ಕರೆ ಖರ್ಚಿಗಾಗುವಷ್ಟು ಬರುತ್ತೆ. ಪಿಎಚ್‌ಡಿಯಲ್ಲಿ ಅದು ಸಾಮಾನ್ಯ, ಸೈಡಿಯಲ್ಲಿ (ಚಿಕಿತ್ಸೆಗೆ ಹೆಚ್ಚು ಒತ್ತು ಕೊಡುವ ಇನ್ನೊಂದು ಡಾಕ್ಟರೇಟ್) ಬಹಳ ಕಡೆ ಫೀಸು ಕೈಯಿಂದಲೇ. ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಇರುತ್ತೆ, ಆದರೆ ಹೊಸ ಊರಿನ ಬಾಡಿಗೆ, ಮುಂಗಡ ಎಲ್ಲಾ ಮೊದಲ ಸಂಬಳಕ್ಕಿಂತ ಮುಂಚೆಯೇ ಕಟ್ಟಬೇಕಾಗುತ್ತೆ, ಎರಡು ತಿಂಗಳ ಖರ್ಚು ಬೇರೆ ತೆಗೆದಿಡು. ಸರಿಯಾದ ಸಂಬಳ ಲೈಸೆನ್ಸ್ ಆದ ಮೇಲೆ. ಮುಂದೆ ಊರಿಗೆ ಮರಳಿ ಕೆಲಸ ಮಾಡುವ ಮನಸ್ಸಿದ್ದರೆ ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳೋಕೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಅದಕ್ಕಾಗಿ ಪ್ರತಿ ಕೋರ್ಸಿನ ಸಿಲಬಸ್, ಸಹಿ ಇರುವ ಗಂಟೆಗಳ ಪಟ್ಟಿ ಎರಡನ್ನೂ ಮೊದಲ ಸೆಮಿಸ್ಟರ್‌ನಿಂದಲೇ ಒಂದು ಫೈಲಿನಲ್ಲಿಡು. ಕೋರ್ಸಿನ ಹೆಸರು ಬರೆದು ಕಳಿಸು, ಮಾನ್ಯತೆಯ ಪಟ್ಟಿಯಲ್ಲಿ ನಾನೂ ನೋಡ್ತೀನಿ.